ಕೆರೆಯ ನಾಡಿನಿಂದ ಕಡಲಿನ ಒಡಲಿಗೆ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಸೀಮೆಯವರಾದ ನಮಗೆ ನೀರೆಂದರೆ ಕೆರೆಯ ನೀರು. ಹಿರೇಕೆರೂರಿಗಂತೂ ಹೆಸರಿನಲ್ಲಿಯೇ ಕೆರೆಯಿದೆ. ಬಾಲ್ಯದಲ್ಲಿ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತ ನಾನು ಸಮುದ್ರದಲ್ಲಿ ಮುಳುಗಿ ಬರುವೆನೆಂದಾಗ ಮನೆಯವರೆಲ್ಲ ನಕ್ಕರು. ತಾಯಿಯೊಬ್ಬರು ಮಾತ್ರ ನಗಲಿಲ್ಲ.

ಹಾನಗಲ್ಲಿನಿಂದ ಶಿರಸಿ, ಅಲ್ಲಿಂದ ದೇವಿಮನೆ ಘಟ್ಟವಿಳಿದು, ಕುಮಟೆ, ಹೊನ್ನಾವರಗಳನ್ನು ದಾಟಿದರೆ ಮುರ್ಡೇಶ್ವರ. ದಡದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ ನೇತ್ರಾಣಿ ದ್ವೀಪ.

ದೋಣಿಯಲ್ಲಿಯೇ ನಮ್ಮ ಅಲಂಕಾರ ನಡೆಯಿತು. ಬೆನ್ನಿನ ಸಿಲಿಂಡರಿನಲ್ಲಿರುವುದು ಬರಿಯ ಆಮ್ಲಜನಕವೆಂದು ತಿಳಿದಿದ್ದೆ. ಅದು ಒತ್ತಿ ತುಂಬಿದ ಸಾಮಾನ್ಯ ಗಾಳಿಯಂತೆ! ಸುತ್ತಲಿನ ನೀರಿನ ಒತ್ತಡಕ್ಕೆ ಸರಿಹೊಂದಿಸಿ ಅದನ್ನು ಬಾಯಿಗೆ ಕೊಡುವುದು ರೆಗ್ಯುಲೇಟರು. 1943ರಲ್ಲಿ ಫ್ರಾನ್ಸಿನ ಕೂಸ್ತೋ ಮತ್ತು ಗಾನ್ಯಾ ಎಂಬವರು ಈ ಬಗೆಯ ಉಪಕರಣವನ್ನು ರೂಪಿಸಿದರು. ಮುಖಕ್ಕೆ ಗಾಜಿನ ಮುಸುಕು, ಪಾದಕ್ಕೆ ರಬ್ಬರಿನ ರೆಕ್ಕೆ, ಸೊಂಟಕ್ಕೆ ಸೀಸದ ತೂಕ. ತೇಲಲೆಂದು ಬುರುಡೆ ಕಟ್ಟಿದ ಸೊಂಟಕ್ಕೆ ಈಗ ಮುಳುಗಲೆಂದು ಸೀಸ!

"ಉಸಿರು ಬಿಗಿಹಿಡಿಯಬೇಡಿ, ಮೇಲೇರಲು ಅವಸರಪಡಬೇಡಿ," ಎಂದರು ಶಿಕ್ಷಕರು. ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಉಸಿರು ಹಿಡಿದು ಏರಿದರೆ ಗಾಳಿ ಹಿಗ್ಗಿ ಶ್ವಾಸಕೋಶ ಹರಿದೀತು. ಆಳದಿಂದ ಆತುರದಲ್ಲಿ ಬಂದರೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಗಟ್ಟೀತು.

ಕೆಳಗೆ ನೀಲಿಯ ಬೆಳಕು, ಹವಳ, ನಮ್ಮನ್ನು ಲೆಕ್ಕಿಸದ ಮೀನಿನ ಹಿಂಡು. ಅಲ್ಲಿ ಮಾತಿಲ್ಲ, ಸನ್ನೆಯಷ್ಟೇ. ಹೆಬ್ಬೆರಳೆತ್ತಿದರೆ 'ಚೆನ್ನಾಗಿದೆ' ಎಂದಲ್ಲ, 'ಮೇಲೆ ಹೋಗೋಣ' ಎಂದರ್ಥ.

ಮರಳುವಾಗ ಮಾತು ಅಪಘಾತಗಳತ್ತ ಹೊರಳಿತು. 2024ರ ಜುಲೈ 16ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಕೇರಳದ ಲಾರಿಯೊಂದನ್ನು ಹುಡುಕಲು ನೌಕಾಪಡೆಯವರೂ ಮಲ್ಪೆಯ ಈಶ್ವರರೂ ಗಂಗಾವಳಿಯ ಸೆಳೆತಕ್ಕೆ ಇಳಿದರು. ದಡದಲ್ಲಿ ಕ್ಯಾಮರಾಗಳಿಗೆ ಕ್ಷಣಕ್ಷಣವೂ ಸುದ್ದಿ ಬೇಕಿತ್ತು; ನದಿಯಾದರೋ ಲಾರಿಯನ್ನೂ ಚಾಲಕನ ಅವಶೇಷವನ್ನೂ ಒಪ್ಪಿಸಿದ್ದು ಸೆಪ್ಟೆಂಬರ್ 25ರಂದು. ಅಲ್ಲಿಯವರೆಗೆ ಒಂದು ಮನೆ ಪ್ರತಿಯೊಂದು ವದಂತಿಯೊಡನೆಯೂ ಬಾಳಬೇಕಾಯಿತು.

ಅವಘಡವಾದರೆ ಮುಳುಗುವವರಿಗೊಂದು ಕಟ್ಟಳೆಯಿದೆ. ಉಪಕರಣವನ್ನು ಬಿಚ್ಚಿ ತೊಳೆಯದೆ, ಉಳಿದ ಗಾಳಿಯ ಅಳತೆಯನ್ನು ಬರೆದಿಟ್ಟು ತನಿಖೆಗೆ ಒಪ್ಪಿಸಬೇಕು. ಸುದ್ದಿ ಮೊದಲು ಮನೆಯವರಿಗೆ. ಹೊರಗಿನವರೊಡನೆ ಒಬ್ಬರೇ ಮಾತನಾಡಬೇಕು. ತಿಳಿದಷ್ಟನ್ನೇ ಹೇಳಬೇಕು, ಕಾರಣವನ್ನು ಊಹಿಸಬಾರದು.

ಇದನ್ನು ಕೇಳುತ್ತಿದ್ದಂತೆ ತಾಯಿ ಏಕೆ ನಗಲಿಲ್ಲವೆಂದು ಹೊಳೆಯಿತು. ಕೆಲವು ವರ್ಷಗಳ ಹಿಂದೆ ನಮ್ಮೂರ ಕೆರೆಯಲ್ಲಿ ನೆರೆಮನೆಯ ಹುಡುಗನೊಬ್ಬ ಮುಳುಗಿದನು. ಹಿರಿಯರು ಮನೆಗೆ ಬರುವುದರೊಳಗೆ ಅವನ ಚಿತ್ರ ಮೊಬೈಲಿನಲ್ಲಿ ಹೆತ್ತವಳ ಕೈಗೆ ಬಂದಿತ್ತು. ಆಗ ಆಕೆಯ ಪಕ್ಕದಲ್ಲಿ ಕುಳಿತಿದ್ದವರು ನನ್ನ ತಾಯಿ. ಸಾವನ್ನು ತಡೆಯುವುದು ಯಾರ ಕೈಯಲ್ಲಿಯೂ ಇರಲಿಲ್ಲ. ಆ ಚಿತ್ರವನ್ನು ತಡೆಯುವುದು ಕೆರೆಯ ದಂಡೆಯಲ್ಲಿ ನಿಂತಿದ್ದ ನಮ್ಮೆಲ್ಲರ ಕೈಯಲ್ಲಿತ್ತು.

ದಡ ಸೇರಿದಾಗ ಜೊತೆಯವರು ಚಿತ್ರಗಳನ್ನು ಹಂಚತೊಡಗಿದರು. ನಾನು ಮೊದಲು ತಾಯಿಗೆ ಫೋನು ಮಾಡಿದೆನು.

"ಕಾಲಿಗೆ ನೆಲಾ ಸಿಕ್ತಲ್ಲಪಾ, ಸಾಕು," ಎಂದರು.