ಮಾಯಸಂದ್ರದ ಪಡಸಾಲೆಯಲ್ಲಿ ಲಾಸ್ ವೇಗಸ್ ಕಾಳಗ

ಬೆಂಗಳೂರಿನಿಂದ ಹೊರಟು ನೆಲಮಂಗಲ, ಕುಣಿಗಲ್ ದಾಟಿ ಎಡೆಯೂರಿಗೆ ಬಂದರೆ ನನಗೆ ಅರ್ಧ ಊರು ಸೇರಿದ ಹಾಗೆ. ಸಿದ್ಧಲಿಂಗೇಶ್ವರನಿಗೆ ರಸ್ತೆಯಿಂದಲೇ ಕೈಮುಗಿದು ಮಂಗಳೂರು ಹೆದ್ದಾರಿ ಬಿಟ್ಟು ತುರುವೇಕೆರೆ ಕಡೆ ತಿರುಗಿದರೆ ಸಾಕು, ಎರಡೂ ಬದಿಗೆ ತೆಂಗು ಶುರು. ಇನ್ನೊಂದಿಷ್ಟು ದೂರಕ್ಕೆ ಮಾಯಸಂದ್ರ, ಅಮ್ಮನ ತವರು. ಹೊರಗಿನವರಿಗೆ ಇದು ಜೇವರ್ಗಿ–ಚಾಮರಾಜನಗರ ಹೆದ್ದಾರಿಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಹೋಗುವ ಒಂದು ಹೋಬಳಿ ಊರು. ನನಗೆ ಬೇಸಿಗೆ ರಜೆಯೆಂದರೆ ಇದೇ.

2024ರ ಯುಗಾದಿ ಮುಗಿದ ಶನಿವಾರ ಹೋಗಿದ್ದೆ. ಮಳೆಯಿಲ್ಲದ ವರ್ಷ. ತೋಟದಲ್ಲಿ ಗರಿಗಳು ಜೋತುಬಿದ್ದಿದ್ದವು, ಬೋರ್‌ವೆಲ್ ಒಂದು ಗಂಟೆ ನೀರು ಕೊಟ್ಟರೆ ಎರಡು ಗಂಟೆ ಸುಮ್ಮನಿರುತ್ತಿತ್ತು. ಊರಲ್ಲಿ ಮಾತೆಂದರೆ ಎರಡೇ, ಲೋಕಸಭೆ ಚುನಾವಣೆ ಮತ್ತು ಕೊಬ್ಬರಿ. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ, ಹೊರಗೆ ಮಾರಿದರೆ ಅಷ್ಟು ಹುಟ್ಟುತ್ತಿರಲಿಲ್ಲ. ನಾಫೆಡ್‌ಗೆ ಹೆಸರು ಬರೆಸಲು ಕ್ಯೂ ನಿಂತ ಕಥೆಯನ್ನು ಮಾವ ಊಟಕ್ಕೆ ಕೂತಾಗ ಒಂದು ಸಲ, ಕೈ ತೊಳೆಯುವಾಗ ಇನ್ನೊಂದು ಸಲ ಹೇಳಿದರು.

ಆದರೆ ನನ್ನನ್ನು ಕರೆಸಿದ್ದು ಕೊಬ್ಬರಿಗಾಗಿ ಅಲ್ಲ. ಕತ್ತಲಾದ ಮೇಲೆ ಮಾವ ನನ್ನನ್ನು ಜಗಲಿಗೆ ಕರೆದು ದನಿ ಇಳಿಸಿದರು. “ನೋಡಪ್ಪ, ನಿನ್ ಬಾಮೈದ ಕಾಲೇಜ್ ಬಿಡ್ತೀನಿ ಅಂತಾನೆ. ಬೆಂಗಳೂರಿಗೆ ಬಂದು ಅದೇನೋ ಪಂಜರದೊಳಗೆ ಹೊಡೆದಾಡೋದು ಕಲೀತಾನಂತೆ. ನಿನ್ ರೂಮಲ್ಲೇ ಇರ್ತಾನಂತೆ. ನೀನು ಓದಿದವನು. ಅದು ಆಟವೋ, ಬೀದಿ ಜಗಳವೋ, ನೋಡಿ ಹೇಳು. ನೀನು ಹೂಂ ಅಂದ್ರೆ ಕಳಿಸ್ತೀನಿ, ಬ್ಯಾಡ ಅಂದ್ರೆ ಇಲ್ಲ.”

ಬಾಮೈದನಿಗೆ ಇಪ್ಪತ್ತು ವರ್ಷ, ಬಿ.ಕಾಂ. ಕೊನೆಯ ವರ್ಷ. ತೆಂಗಿನಕಾಯಿ ಮೂಟೆ ಹೊತ್ತು ಹೊತ್ತು ಭುಜ ಅಗಲವಾಗಿದೆ. ನಮ್ಮ ಮಾತು ಅವನ ಕಿವಿಗೂ ಬಿದ್ದಿರಬೇಕು. ಒಳಗಿನಿಂದ ಬಂದು ಹೇಳಿದ: “ಬಾವ, ನಾಳೆ ಬೆಳಗ್ಗೆ ಮೂರೂವರೆಗೆ ಯುಎಫ್‌ಸಿ 300 ಐತೆ. ನೋಡಿ ಆಮೇಲೆ ಹೇಳು.”

ಹಾಗಾಗಿ ಏಪ್ರಿಲ್ 14ರ ಭಾನುವಾರ ಕೋಳಿ ಕೂಗುವ ಮೊದಲೇ ನಾವಿಬ್ಬರೂ ಪಡಸಾಲೆಯಲ್ಲಿ ಟೀವಿ ಮುಂದೆ ಕೂತೆವು. ಅಟ್ಟದ ಮೇಲೆ ಹೋದ ವರ್ಷದ ಕಾಯಿ, ಕೆಳಗೆ ಚಾಪೆ, ಎದುರಿಗೆ ಲಾಸ್ ವೇಗಸ್‌ನ ಟಿ-ಮೊಬೈಲ್ ಅರೀನಾ. ಅಲ್ಲಿ ಶನಿವಾರ ಸಂಜೆ, ನಮಗೆ ಭಾನುವಾರದ ನಸುಕು.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಯುಎಫ್‌ಸಿ ಹುಟ್ಟಿದ್ದು 1993ರಲ್ಲಿ, ಅಮೆರಿಕದ ಡೆನ್ವರ್‌ನಲ್ಲಿ. ಬಾಕ್ಸಿಂಗ್, ಕರಾಟೆ, ಕುಸ್ತಿ, ಜೂಜಿತ್ಸು ಇವುಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಎಲ್ಲರನ್ನೂ ಎಂಟು ಮೂಲೆಯ ಪಂಜರಕ್ಕೆ ಬಿಟ್ಟರು. ಆಗ ನಿಯಮಗಳು ಇದ್ದೂ ಇಲ್ಲದ ಹಾಗೆ. ಈಗ ತೂಕದ ವರ್ಗಗಳಿವೆ, ತೆಳು ಗ್ಲೌಸ್ ಇದೆ, ರೆಫ್ರಿ ಇದ್ದಾನೆ, ಪಕ್ಕದಲ್ಲಿ ಅಂಕ ಹಾಕುವ ಮೂವರು ತೀರ್ಪುಗಾರರಿದ್ದಾರೆ. ಸಾಮಾನ್ಯ ಕಾಳಗಕ್ಕೆ ಐದೈದು ನಿಮಿಷದ ಮೂರು ಸುತ್ತು, ಪಟ್ಟಕ್ಕಾದರೆ ಐದು ಸುತ್ತು. ಕಣ್ಣಿಗೆ ಬೆರಳು ಹಾಕುವ ಹಾಗಿಲ್ಲ, ಮರ್ಮಕ್ಕೆ ಒದೆಯುವ ಹಾಗಿಲ್ಲ, ತಲೆಯ ಹಿಂಬದಿಗೆ ಗುದ್ದುವ ಹಾಗಿಲ್ಲ. ಸಾಕೆನಿಸಿದವನು ಕೈ ತಟ್ಟಿದರೆ ಅಲ್ಲಿಗೆ ಮುಗಿಯಿತು.

ಅವತ್ತು ಒಟ್ಟು 13 ಕಾಳಗ. ಮೊದಲನೆಯದರಲ್ಲೇ ಇಬ್ಬರು ಮಾಜಿ ಚಾಂಪಿಯನ್‌ಗಳು, ಡೇವಿಸನ್ ಫಿಗ್ಯುರೆಡೊ ಮತ್ತು ಕೋಡಿ ಗಾರ್ಬ್ರಾಂಟ್. ನಮ್ಮ ಕಡೆ ನಾಟಕದಲ್ಲಿ ದೊಡ್ಡ ಪಾತ್ರಗಳು ಬರುವುದು ಮಧ್ಯರಾತ್ರಿ ಕಳೆದ ಮೇಲೆ. ಇಲ್ಲಿ ಪರದೆ ಎತ್ತಿದ ಕೂಡಲೇ ಭೀಮ ಬಂದುಬಿಟ್ಟ. ಹಾಲಿ, ಮಾಜಿ ಚಾಂಪಿಯನ್‌ಗಳೇ ಹತ್ತಕ್ಕೂ ಹೆಚ್ಚಿದ್ದರು. ಕಾರ್ಯಕ್ರಮದ ದೊಡ್ಡ ಬಲ ಇದೇ.

ಐದೂವರೆ ದಾಟಿದ ಮೇಲೆ ತಾತ ಎದ್ದು ಬಂದರು. ಎಂಬತ್ತು ದಾಟಿದ ಜೀವ. ಹುಡುಗನಾಗಿದ್ದಾಗ ಮೈಸೂರಿನಲ್ಲಿ ನೆಂಟರ ಮನೆಯಲ್ಲಿದ್ದು ಗರಡಿಗೆ ಹೋಗಿ ಮಣ್ಣು ಹೊತ್ತವರು. ಕಿವಿ ಈಗಲೂ ಮುದುಡಿಕೊಂಡೇ ಇದೆ. “ಏನ್ಲಾ ಇದು, ಹೊತ್ತಿಗ್ಮುಂಚೆ?” ಎಂದು ಕಂಬಕ್ಕೆ ಒರಗಿ ಕೂತರು. ಆಗ ಟೀವಿಯಲ್ಲಿ ಕೇಲಾ ಹ್ಯಾರಿಸನ್ ಮತ್ತು ಹಾಲಿ ಹೋಮ್. ಹ್ಯಾರಿಸನ್ 2012 ಮತ್ತು 2016ರ ಒಲಿಂಪಿಕ್ಸ್‌ನಲ್ಲಿ ಜೂಡೊ ಚಿನ್ನ ಗೆದ್ದವಳು. ಹೋಮ್ ಬಾಕ್ಸಿಂಗ್‌ನಿಂದ ಬಂದವಳು. ಹ್ಯಾರಿಸನ್ ಅವಳನ್ನು ತಬ್ಬಿ, ಕೆಡವಿ, ಎರಡನೇ ಸುತ್ತಿನಲ್ಲಿ ಹಿಂದಿನಿಂದ ಕತ್ತು ಬಿಗಿದು ಮುಗಿಸಿದಳು. ತಾತ ನೆಟ್ಟಗೆ ಕೂತರು. “ಇದು ಕುಸ್ತಿ ಕಣ್ಲಾ! ಸೊಂಟ ನೋಡು, ಸೊಂಟ. ಕೈಯಲ್ಲಿ ಎತ್ತಲಿಲ್ಲ ಅವಳು, ಸೊಂಟದಲ್ಲಿ ಎತ್ತಿದ್ದು.”

ಬಾಮೈದನ ಮುಖ ಅರಳಿತು. ಆದರೆ ಅವನೇ ಇನ್ನೊಂದು ವಿಷಯವನ್ನೂ ಹೇಳಿದ. ಮೊದಲು ಸುಮಾರು 70 ಕೆ.ಜಿ. ವರ್ಗದಲ್ಲಿ ಹೆಸರು ಮಾಡಿದ್ದ ಹ್ಯಾರಿಸನ್ ಈ ಕಾಳಗಕ್ಕಾಗಿ 61 ಕೆ.ಜಿ.ಗೆ ಇಳಿದಿದ್ದಳು. ತೂಕ ಹಾಕುವ ದಿನಕ್ಕೆ ಸರಿಯಾಗಿ ಮೈಯ ನೀರನ್ನೆಲ್ಲ ಬೆವರಾಗಿ ಹಿಂಡಿ, ಮಾರನೇ ದಿನ ಮತ್ತೆ ತುಂಬಿಸಿಕೊಳ್ಳುವುದು ಈ ಆಟದ ಪದ್ಧತಿ. ಅತ್ತೆ ಅಡುಗೆಮನೆಯಿಂದಲೇ ಕೇಳಿದರು: “ಹೊಡೆದಾಡೋಕೆ ಮುಂಚೆ ಉಪವಾಸ ಕೆಡವ್ತಾರಾ? ಇದ್ಯಾವ ನ್ಯಾಯ?” ನನ್ನ ಮನಸ್ಸಿನ ಪಟ್ಟಿಯಲ್ಲಿ ದೋಷದ ಕಡೆ ಮೊದಲ ಸಾಲು ಬಿತ್ತು.

ಏಳೂವರೆಗೆ ಮುಖ್ಯ ಕಾಳಗಗಳು ಶುರುವಾದವು. ಆ ಹೊತ್ತಿಗೆ ಮಾವನೂ ತೋಟದಿಂದ ಬಂದರು, ತಟ್ಟೆಯಲ್ಲಿ ಅಕ್ಕಿರೊಟ್ಟಿ ಬಂತು. ಇಲ್ಲಿ ಕಾರ್ಯಕ್ರಮ ಒಸಿ ಕುಂಟಿತು. ಐದು ದೊಡ್ಡ ಕಾಳಗಗಳಲ್ಲಿ ಮೊದಲನೆಯದು ಬೊ ನಿಕಲ್ ಮತ್ತು ಕೋಡಿ ಬ್ರಂಡೇಜ್ ನಡುವೆ. ನಿಕಲ್ ಅಮೆರಿಕದ ಕಾಲೇಜು ಕುಸ್ತಿಯಲ್ಲಿ ಹೆಸರಾಂತ, ಗೆಲ್ಲುತ್ತಾನೆಂದು ಎಲ್ಲರಿಗೂ ಗೊತ್ತು, ಗೆದ್ದ. ಮಾಜಿ ಚಾಂಪಿಯನ್‌ಗಳನ್ನು ಹಿಂದಕ್ಕೆ ತಳ್ಳಿ ಮುಂದೆ ಮಾರಾಟವಾಗುವ ಹುಡುಗನನ್ನು ಮೇಲಿಟ್ಟಿದ್ದು ಕಣ್ಣಿಗೆ ಹೊಡೆಯುತ್ತಿತ್ತು. “ಜೋಡಿ ಸರಿಯಿಲ್ಲ” ಎಂದರು ತಾತ. ಕುಸ್ತಿಯಲ್ಲಿ ಸಮಜೋಡಿ ಕಟ್ಟುವುದೇ ಹಿರಿಯರ ಕೆಲಸ. ಅದು ತಪ್ಪಿದರೆ ಜನ ಮಣ್ಣು ಎರಚಿ ಎದ್ದುಹೋಗುತ್ತಿದ್ದರಂತೆ.

ನಂತರ ಅರ್ಮಾನ್ ಸರುಕ್ಯಾನ್ ಪಂಜರಕ್ಕೆ ನಡೆದು ಬರುವಾಗ ಬೇಲಿಯಾಚೆ ಕೆಣಕಿದ ಪ್ರೇಕ್ಷಕನೊಬ್ಬನಿಗೆ ಕೈ ಬೀಸಿದ. ಮಾವ ನನ್ನ ಕಡೆ ನೋಡಿದರು. ‘ಆಟವೋ, ಬೀದಿ ಜಗಳವೋ’ ಎಂಬ ಅವರ ಪ್ರಶ್ನೆ ಆ ನೋಟದಲ್ಲೇ ಇತ್ತು. ಆದರೆ ಅದೇ ಮನುಷ್ಯ ಒಳಗೆ ಹೋಗಿ ಚಾರ್ಲ್ಸ್ ಒಲಿವೇರಾನಂಥ ಪಳಗಿದವನ ಎದುರು ಹದಿನೈದು ನಿಮಿಷ ತಲೆ ಓಡಿಸಿ ಆಡಿ, ತೀರ್ಪುಗಾರರಲ್ಲಿ ಇಬ್ಬರ ಒಲವಿನಿಂದ ಗೆದ್ದ. ಒಬ್ಬನೇ ಮನುಷ್ಯ, ಹತ್ತು ಹೆಜ್ಜೆ ಅಂತರದಲ್ಲಿ ಎರಡೂ ಆಗಿದ್ದ.

ಆಮೇಲೆ ಬಂತು ಮ್ಯಾಕ್ಸ್ ಹಾಲೊವೇ ಮತ್ತು ಜಸ್ಟಿನ್ ಗೇಚಿ ಕಾಳಗ. ಹಾಲೊವೇ ತನಗಿಂತ ಮೇಲಿನ ತೂಕದ ವರ್ಗಕ್ಕೆ ಏರಿ ಬಂದಿದ್ದ. ಮೊದಲ ಸುತ್ತಿನ ಕೊನೆಗೆ ತಿರುಗಿ ಒದ್ದ ಒದೆಗೆ ಗೇಚಿಯ ಮೂಗು ಮುರಿಯಿತು. ಐದನೇ ಸುತ್ತಿನ ಹೊತ್ತಿಗೆ ಹಾಲೊವೇ ಅಂಕದಲ್ಲಿ ಆರಾಮಾಗಿ ಮುಂದಿದ್ದ. ಓಡಾಡಿಕೊಂಡಿದ್ದರೂ ಗೆಲುವು ಅವನದೇ. ಹತ್ತು ಸೆಕೆಂಡು ಉಳಿದಾಗ ಅವನು ಪಂಜರದ ನಡುವನ್ನು ಬೆರಳಿನಿಂದ ತೋರಿಸಿದ, ಬಾ, ಇಲ್ಲಿ ನಿಂತು ಹೊಡೆದಾಡೋಣ ಎಂಬಂತೆ. ಗೇಚಿ ಬಂದ. ಇಬ್ಬರೂ ಬೀಸಿದರು. ಒಂದು ಸೆಕೆಂಡು ಉಳಿದಿರುವಾಗ ಗೇಚಿ ಮುಖ ಅಡಿಯಾಗಿ ಬಿದ್ದ.

ಬಾಮೈದ ಎಗರಿ ಕುಣಿದ. ನಾನೂ ಕೂಗಿದೆ, ಸುಳ್ಳು ಹೇಳುವುದಿಲ್ಲ. ಕೂಗಿ ಮುಗಿದ ಮೇಲೆ ನೋಡಿದರೆ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಅವರು ಗೆದ್ದವನನ್ನು ನೋಡುತ್ತಿರಲಿಲ್ಲ. “ಬಿದ್ದೋನ ತಾಯಿ ನೋಡ್ತಾ ಇರ್ತಾಳೇನೋ” ಎಂದರು. ಟೀವಿಯವರು ಅದೇ ಹೊಡೆತವನ್ನು ಹಿಂದಿನಿಂದ, ಮುಂದಿನಿಂದ, ನಿಧಾನವಾಗಿ ಮತ್ತೆ ಮತ್ತೆ ತೋರಿಸಿದರು. ಹಾಲೊವೇಗೆ ತಲಾ ಮೂರು ಲಕ್ಷ ಡಾಲರ್‌ನ ಎರಡು ಬಹುಮಾನ, ಸೋತ ಗೇಚಿಗೂ ಒಂದು. ಆ ಹತ್ತು ಸೆಕೆಂಡು ಶೌರ್ಯವೇ ಹೌದು. ಆದರೆ ಗೆದ್ದ ಆಟವನ್ನು ಪಣಕ್ಕಿಟ್ಟು ತಲೆಗೆ ತಲೆ ಕೊಡುವವನಿಗೇ ಬಹುಮಾನ ಎಂದರೆ, ನಾಳೆ ಕಲಿಯುವ ಹುಡುಗ ಏನು ಕಲಿಯುತ್ತಾನೆ?

ತಾತ ಆಗ ವಜ್ರಮುಷ್ಟಿಯ ಮಾತು ತೆಗೆದರು. ವಿಜಯದಶಮಿಯ ದಿನ ಮೈಸೂರು ಅರಮನೆಯಲ್ಲಿ ಜಂಬೂಸವಾರಿಗೆ ಮುಂಚೆ ಜಟ್ಟಿಗಳ ಕಾಳಗ ನಡೆಯುತ್ತದಲ್ಲ, ಅದು. ತಲೆ ಬೋಳಿಸಿಕೊಂಡ ಜಟ್ಟಿಗಳು, ಬೆರಳಿಗೆ ಮೊನೆಯಿರುವ ಆಯುಧ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಮನೆತನಗಳಿಂದ ಬರುತ್ತಾರೆ. ಎದುರಾಳಿಯ ತಲೆಯಿಂದ ಮೊದಲ ಹನಿ ರಕ್ತ ಬಂದರೆ ಸಾಕು, ಬಿಡಿಸುತ್ತಾರೆ. ಟೀವಿಯಲ್ಲಿ ನಾವೆಲ್ಲ ನೋಡಿದ್ದೇವೆ, ಕ್ಷಣಗಳಲ್ಲಿ ಮುಗಿದುಹೋಗುತ್ತದೆ. “ಅರಮನೇಲಿ ರಕ್ತ ಬಂದ್ರೆ ಮುಗೀತು. ಇಲ್ಲಿ ರಕ್ತ ಬಂದ್ಮೇಲೆ ಶುರು” ಎಂದರು ತಾತ. ಹೋಲಿಕೆ ಪೂರ್ತಿ ಸರಿಯಲ್ಲ. ಅದು ಮುಹೂರ್ತದ ಆಚರಣೆ, ಇದು ವೃತ್ತಿ. ಆದರೂ ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆ ಎರಡಕ್ಕೂ ಒಂದೇ.

ಅದರ ಮುಂದಿನದೇ ಅದಕ್ಕೆ ಉದಾಹರಣೆಯಾಯಿತು. ಪಟ್ಟಕ್ಕಾಗಿ ಚೀನಾದ ಇಬ್ಬರು ಹೆಣ್ಣುಮಕ್ಕಳು, ಜಾಂಗ್ ವೇಲಿ ಮತ್ತು ಯಾನ್ ಶಿಯೋನಾನ್. ಮೊದಲ ಸುತ್ತು ಮುಗಿಯುತ್ತಿದ್ದಂತೆ ಜಾಂಗ್ ಹಿಂದಿನಿಂದ ಕತ್ತು ಬಿಗಿದಿದ್ದಳು, ಅಷ್ಟರಲ್ಲಿ ಸದ್ದು ಮೊಳಗಿ ಸುತ್ತು ಮುಗಿಯಿತು. ಯಾನ್‌ಗೆ ಒಂದು ಕ್ಷಣ ಎಚ್ಚರ ತಪ್ಪಿದಂತೆ ನಮಗೆ ಕಂಡಿತು. ಎದ್ದಳು, ಮುಂದುವರಿದಳು, ಐದೂ ಸುತ್ತು ಆಡಿ ಅಂಕದಲ್ಲಿ ಸೋತಳು. ಧೈರ್ಯ ಮೆಚ್ಚಬೇಕು, ಬಿಟ್ಟದ್ದು ಸರಿಯೇ ಎಂದು ಕೇಳಲೂ ಬೇಕು. ಇನ್ನೊಂದನ್ನೂ ಹೇಳಲೇಬೇಕು. ಹೆಣ್ಣುಮಕ್ಕಳ ಕಾಳಗವನ್ನು ಬದಿಗೆ ಸರಿಸದೆ ಕೊನೆಯದಕ್ಕಿಂತ ಒಂದೇ ಮೆಟ್ಟಿಲು ಕೆಳಗೆ ಇಟ್ಟಿದ್ದರು. ರೊಟ್ಟಿ ತಟ್ಟುವುದು ಬಿಟ್ಟು ಅತ್ತೆ ಚಾಪೆಯ ಮೇಲೆ ಕೂತು ನೋಡಿದ್ದು ಇದೊಂದನ್ನೇ.

ಕೊನೆಯದು ಅಲೆಕ್ಸ್ ಪೆರೇರಾ ಮತ್ತು ಜಮಾಲ್ ಹಿಲ್. ಹಿಲ್‌ನ ಒದೆ ಪೆರೇರಾನಿಗೆ ಸೊಂಟದ ಕೆಳಗೆ ತಗುಲಿತು. ರೆಫ್ರಿ ಹರ್ಬ್ ಡೀನ್ ನಡುವೆ ಬರಲು ಹೊರಟರೆ, ಪೆರೇರಾ ಕೈ ಅಡ್ಡ ಹಿಡಿದು ಬೇಡವೆಂದ. ಮರುಕ್ಷಣವೇ ಎಡಗೈ ಬೀಸಿದ. ಹಿಲ್ ಮಲಗಿದ. ಮೂರು ನಿಮಿಷ ಚಿಲ್ಲರೆಯಲ್ಲಿ ಕಥೆ ಮುಗಿಯಿತು. ಸುಮಾರು ಏಳು ತಾಸು ಕೂತ ನಮ್ಮ ಸೊಂಟವೂ ಮುಗಿದಿತ್ತು. ಪಂಜರದ ನೆಲದ ಮೇಲೆ ಬಿಯರ್ ಜಾಹೀರಾತು, ಕ್ರಿಪ್ಟೋ ಜಾಹೀರಾತು, ಇವುಗಳ ಮೇಲೆಯೇ ಮನುಷ್ಯರು ಬಿದ್ದೇಳುತ್ತಿದ್ದರು.

ಟೀವಿ ಆರಿಸಿದೆವು. ನಾಲ್ಕು ಜನರೂ ನನ್ನ ಬಾಯಿ ನೋಡುತ್ತಿದ್ದರು.

ಹೊತ್ತು ದೂಡಲು ನಾನು ಅಟ್ಟದ ಏಣಿ ಹತ್ತಿದೆ. ಬಾಮೈದ ಹಿಂದೆಯೇ ಬಂದು ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಗುಡುಗುಡು ಅಂದಿತು. ಹತ್ತು ಹನ್ನೊಂದು ತಿಂಗಳು ಸುಮ್ಮನೆ ಬಿದ್ದಿದ್ದರೆ ಮಾತ್ರ ಆ ಸದ್ದು. ಅವಸರಕ್ಕೆ ಒಡೆದರೆ ಉಂಡೆ ಸಿಗುವುದಿಲ್ಲ. ನಾನು ಬುದ್ಧಿ ಹೇಳಲಿಲ್ಲ. ಅವನಿಗೆ ಗೊತ್ತಿಲ್ಲದ್ದೇನೂ ಅಲ್ಲ ಅದು. ನಮ್ಮ ದೇಶದಿಂದ ಆ ಪಂಜರ ತಲುಪಿದವರು ಎಷ್ಟು ಜನ ಎಂದು ಕೇಳಿದೆ. 2017ರಲ್ಲಿ ಭರತ್ ಕಂಡಾರೆ, ಆಮೇಲೆ ಅಂಶುಲ್ ಜುಬ್ಲಿ, ಈಗ ಪೂಜಾ ತೋಮರ್ ಎಂದು ಬೆರಳು ಮಡಿಸಿದ. ಒಂದೇ ಕೈ ಸಾಕಾಯಿತು. ಅವನೇ ಮೌನವಾದ.

ಕೆಳಗಿಳಿದು ಮಾವನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಆಟವೇ, ಬೀದಿ ಜಗಳವಲ್ಲ. ನಿಯಮ ಇದೆ, ವಿದ್ಯೆ ಇದೆ, ಹೆಣ್ಣುಮಕ್ಕಳಿಗೂ ಜಾಗ ಇದೆ. ಆದರೆ ತಲೆಗೆ ಬೀಳುವ ಹೊಡೆತಕ್ಕೆ ಗ್ಯಾರಂಟಿ ಇಲ್ಲ. ಮೇಲಿನ ಹತ್ತು ಜನರಿಗೆ ಸಿಗುವ ದುಡ್ಡು ಕೆಳಗಿನವರಿಗೆ ಸಿಗುವುದಿಲ್ಲ. ಮುಂದೆ ಅಮೆರಿಕದ ಕೋರ್ಟಿನಲ್ಲಿ ಹಳೆಯ ಆಟಗಾರರು ಹೂಡಿದ್ದ ದಾವೆ ಇತ್ಯರ್ಥಕ್ಕೆ ಕಂಪನಿ 37.5 ಕೋಟಿ ಡಾಲರ್ ಕೊಡಲು ಒಪ್ಪಿದ್ದನ್ನು ಓದಿದಾಗ ಅವತ್ತಿನ ನನ್ನ ಮಾತು ತಪ್ಪಾಗಿರಲಿಲ್ಲ ಅನ್ನಿಸಿತು. “ಪರೀಕ್ಷೆ ಬರೀಲಿ. ಆಮೇಲೆ ಮೂರು ತಿಂಗಳು ನನ್ನ ರೂಮಲ್ಲಿ ಇರಲಿ. ಮೊದಲು ಕುಸ್ತಿ ಕಲೀಲಿ, ಗುದ್ದೋದು ಆಮೇಲೆ” ಎಂದೆ. ಮಾವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ತೋಟಕ್ಕೆ ನೀರು ಬಿಡಲು ಎದ್ದುಹೋದರು. ನಮ್ಮಲ್ಲಿ ಅದು ಒಪ್ಪಿಗೆ.

ಪರೀಕ್ಷೆ ಮುಗಿಸಿ ಬಂದ. ಅದಕ್ಕೆ ಮುಂಚೆಯೇ ಜೂನ್‌ನಲ್ಲಿ ಪೂಜಾ ತೋಮರ್ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯಳಾಗಿದ್ದಳು. ನನ್ನ ರೂಮಿನ ಗೋಡೆಗೆ ಅವಳ ಚಿತ್ರ ಬಂತು. ಎರಡನೇ ವಾರ ಅಭ್ಯಾಸದಲ್ಲಿ ಯಾರದೋ ಮೊಣಕೈ ತಗುಲಿ ಮೂಗಿನಲ್ಲಿ ರಕ್ತ ಸೋರಿಸಿಕೊಂಡು ಬಂದ ದಿನ ಬಕೆಟ್ ಹಿಡಿದು ನಿಂತವನು ನಾನು. ಪಡಸಾಲೆಯಲ್ಲಿ ಕೂತು ಕೂಗಿದ್ದು ನೆನಪಾಗಿ ನಾಚಿಕೆಯಾಯಿತು. ಟೀವಿ ಎಷ್ಟು ಸಲ ತಿರುಗಿಸಿ ತೋರಿಸಿದರೂ ರಕ್ತದ ವಾಸನೆ ತೋರಿಸುವುದಿಲ್ಲ.

“ಮನೇಗೆ ಹೇಳಬ್ಯಾಡ ಬಾವ” ಎಂದ. ಹೇಳಲಿಲ್ಲ. ಮೂರು ತಿಂಗಳು ಆರಾಯಿತು. ಈಗ ಹಗಲು ಒಂದು ಆಡಿಟರ್ ಆಫೀಸಿಗೆ ಹೋಗುತ್ತಾನೆ, ಸಂಜೆ ಕುಸ್ತಿ. ಪಂಜರದ ಮಾತು ಬಿಟ್ಟಿಲ್ಲ, ಆದರೆ ಅವಸರದ ಮಾತು ಬಿಟ್ಟಿದ್ದಾನೆ. ಪ್ರತಿ ಭಾನುವಾರ ಬೆಳಗ್ಗೆ ಮಾಯಸಂದ್ರದಿಂದ ಫೋನ್ ಬರುತ್ತದೆ. ಅತ್ತೆ ಕೇಳುವುದು “ಮೂಗು ಹೆಂಗೈತೆ?” ಎಂದು. ಯಾರು ಹೇಳಿದರೋ ದೇವರಿಗೇ ಗೊತ್ತು. ತಾತನ ಪ್ರಶ್ನೆ ಬೇರೆ: “ಈ ವಾರ ಎಷ್ಟು ಬಸ್ಕಿ ಹೊಡೆದ್ಯಲಾ?”