ವೋಲ್ಗಾ ತೀರದಲ್ಲಿ ಶ್ರೀಶೈಲದ ನೆನಪು

ಮಾಸ್ಕೋ ನಗರದ ಲೆನಿನ್‌ಗ್ರಾದ್ ನಿಲ್ದಾಣದಿಂದ ವಾಯವ್ಯ ದಿಕ್ಕಿಗೆ ಹೊರಡುವ ವೇಗದ ರೈಲು ಸುಮಾರು 170 ಕಿಲೋಮೀಟರ್ ದೂರವನ್ನು ಎರಡು ಗಂಟೆಯೊಳಗೆ ಕ್ರಮಿಸಿ ತ್ವೆರ್ ಎಂಬ ಊರಿನಲ್ಲಿ ನಿಲ್ಲುತ್ತದೆ. ರಷ್ಯಾ ದೇಶಕ್ಕೆ ಹೋದ ನಮ್ಮವರು ಸಾಮಾನ್ಯವಾಗಿ ಮಾಸ್ಕೋದ ಕ್ರೆಮ್ಲಿನ್ ಕೋಟೆಯನ್ನೂ ಸೇಂಟ್ ಪೀಟರ್ಸ್‌ಬರ್ಗಿನ ಅರಮನೆಗಳನ್ನೂ ನೋಡಿಕೊಂಡು ಹಿಂದಿರುಗುತ್ತಾರೆ. ಆ ಎರಡು ಮಹಾನಗರಗಳ ನಡುವೆ ಇರುವ ಈ ಊರಿನಲ್ಲಿ ಇಳಿಯುವವರು ವಿರಳ. ಆದರೆ ಕನ್ನಡ ನಾಡಿನವರಿಗೆ, ಅದರಲ್ಲಿಯೂ ಶ್ರೀಶೈಲ ಮಲ್ಲಿಕಾರ್ಜುನನ ಭಕ್ತರಿಗೆ, ತ್ವೆರ್ ಸಂಪೂರ್ಣ ಪರಕೀಯವಾದ ಊರಲ್ಲ. ಸುಮಾರು ಐದೂವರೆ ಶತಮಾನಗಳ ಹಿಂದೆ ಇಲ್ಲಿಯ ಅಫನಾಸಿ ನಿಕಿತಿನ್ ಎಂಬ ವರ್ತಕನು ನಮ್ಮ ಬೀದರಿಗೆ ಬಂದು ನೆಲೆಸಿದನು. ಅಲ್ಲಿಂದ ಯಾತ್ರಿಕರ ಸಂಗಡ ಶಿವರಾತ್ರಿಯ ಜಾತ್ರೆಗೆ ಹೋದನು. ಕಂಡದ್ದನ್ನು ತನ್ನ ನುಡಿಯಲ್ಲಿ ಬರೆದಿಟ್ಟನು. ಆತ 'ಪರ್ವತ' ಎಂದು ಕರೆದ ಕ್ಷೇತ್ರವು ಶ್ರೀಪರ್ವತ, ಅಂದರೆ ಶ್ರೀಶೈಲವೇ ಎಂಬುದು ವಿದ್ವಾಂಸರ ಅಭಿಪ್ರಾಯ. ಆ ದೇವಾಲಯದ ವಿಸ್ತಾರವನ್ನು ತನ್ನವರಿಗೆ ತಿಳಿಸಲು ಆತನಿಗೆ ದೊರೆತ ಅಳತೆಗೋಲು ತನ್ನ ಹುಟ್ಟೂರು. ಆ ಗುಡಿಯು ತ್ವೆರ್ ಪಟ್ಟಣದ ಅರ್ಧದಷ್ಟಿದೆ ಎಂದು ಆತ ಲೆಕ್ಕ ಹಾಕಿದನು. ಆ 'ಅರ್ಧ ತ್ವೆರ್' ಎಷ್ಟು ದೊಡ್ಡದೆಂಬುದನ್ನು ಕಣ್ಣಾರೆ ಕಾಣಬೇಕೆಂಬ ಬಹುದಿನಗಳ ಹಂಬಲದಿಂದ ನಾವು ಒಬ್ಬರೇ ಆ ನಿಲ್ದಾಣದಲ್ಲಿ ಇಳಿದೆವು.

ಅದು ಏಪ್ರಿಲ್ ತಿಂಗಳ ಮೊದಲ ವಾರ. ನಮ್ಮ ಸೀಮೆಯಲ್ಲಿ ಬಿಸಿಲು ಏರುತ್ತಿದ್ದ ಆ ಕಾಲದಲ್ಲಿ ಅಲ್ಲಿ ಚಳಿಗಾಲ ಇನ್ನೂ ಕಾಲ್ತೆಗೆದಿರಲಿಲ್ಲ. ಬೀದಿಯ ಅಂಚಿನಲ್ಲಿ ಮಣ್ಣು ಮೆತ್ತಿಕೊಂಡ ಹಿಮದ ಗುಡ್ಡೆಗಳು ನಿಧಾನವಾಗಿ ಕರಗುತ್ತಿದ್ದವು. ಭಾಷೆ ಬಾರದು, ಸಂಗಡಿಗರಿಲ್ಲ. ರಷ್ಯನ್ ಲಿಪಿಯನ್ನು ಕೂಡಿಸಿ ಓದುವಷ್ಟು ಮಾತ್ರ ಕಲಿತು ಹೋಗಿದ್ದೆವು. ಅಂಗಡಿಯ ಫಲಕಗಳನ್ನು ಒಂದನೆಯ ತರಗತಿಯ ಮಕ್ಕಳಂತೆ ಅಕ್ಷರ ಅಕ್ಷರವಾಗಿ ಓದುತ್ತಾ ಬಸ್ಸಿನಲ್ಲಿ ಊರ ನಡುವಿಗೆ ಬಂದೆವು.

ತ್ವೆರ್ ಮೂರು ನದಿಗಳ ಊರು. ವೋಲ್ಗಾ ನದಿಗೆ ಒಂದು ಕಡೆಯಿಂದ ತ್ವೆರ್ತ್ಸಾ, ಇನ್ನೊಂದು ಕಡೆಯಿಂದ ತ್ಮಾಕಾ ಬಂದು ಸೇರುತ್ತವೆ. 3,530 ಕಿಲೋಮೀಟರ್ ಹರಿದು ಕ್ಯಾಸ್ಪಿಯನ್ ಸಮುದ್ರವನ್ನು ಸೇರುವ ಆ ಮಹಾನದಿ ಹುಟ್ಟುವುದು ಇದೇ ಪ್ರಾಂತದ ಬೆಟ್ಟಸಾಲಿನಲ್ಲಿ. ಆದುದರಿಂದ ಇಲ್ಲಿ ಅದು ಇನ್ನೂ ಎಳೆಯ ಹರೆಯದ ನದಿ. ನೀರಿನ ದಾರಿಯೇ ವ್ಯಾಪಾರದ ದಾರಿಯಾಗಿದ್ದ ಕಾಲದಲ್ಲಿ ತ್ವೆರ್ ಒಂದು ಸ್ವತಂತ್ರ ಸಂಸ್ಥಾನವಾಗಿ, ಮಾಸ್ಕೋ ಸಂಸ್ಥಾನಕ್ಕೆ ಎದುರಾಳಿಯಾಗಿ ಮೆರೆಯಿತು. 1485ರಲ್ಲಿ ಮಾಸ್ಕೋದ ಮೂರನೆಯ ಇವಾನ್ ಅದನ್ನು ತನ್ನ ರಾಜ್ಯದಲ್ಲಿ ಸೇರಿಸಿಕೊಂಡ ಮೇಲೆ ಆ ವೈಭವ ಮುಗಿಯಿತು. 1763ರ ಬೆಂಕಿಗೆ ಊರಿನ ಬಹುಭಾಗ ಆಹುತಿಯಾಯಿತು. ಬಳಿಕ ಎರಡನೆಯ ಕ್ಯಾಥರೀನ್ ರಾಣಿಯ ಆಜ್ಞೆಯಂತೆ ಸೇಂಟ್ ಪೀಟರ್ಸ್‌ಬರ್ಗಿನ ಮಾದರಿಯಲ್ಲಿ ಒಂದೇ ಚೌಕದಿಂದ ಮೂರು ನೇರ ಬೀದಿಗಳು ಕವಲೊಡೆಯುವ ಹೊಸ ಊರನ್ನು ಕಟ್ಟಲಾಯಿತು. ಆ ಕಾರ್ಯದ ಮುಂದಾಳುವಾಗಿದ್ದ ವಾಸ್ತುಶಿಲ್ಪಿಯ ಹೆಸರೂ ನಿಕಿತಿನ್, ಪ್ಯೋತ್ರ್ ನಿಕಿತಿನ್, ಎಂಬುದು ಒಂದು ಸೋಜಿಗ. 1931ರಿಂದ 1990ರವರೆಗೆ ಊರಿನ ಹೆಸರೇ ಮರೆಯಾಗಿ 'ಕಲಿನಿನ್' ಎಂದಾಗಿತ್ತು. 1941ರ ಅಕ್ಟೋಬರಿನಲ್ಲಿ ಜರ್ಮನ್ ಸೈನ್ಯದ ವಶವಾದ ಊರು ಎರಡು ತಿಂಗಳ ನಂತರ, ಡಿಸೆಂಬರ್ 16ರಂದು, ಬಿಡುಗಡೆ ಹೊಂದಿತು.

ತ್ರೆಖ್‌ಸ್ವ್ಯಾತ್ಸ್ಕಾಯಾ ಎಂಬ, ವಾಹನಗಳಿಗೆ ಪ್ರವೇಶವಿಲ್ಲದ ಬೀದಿಯಲ್ಲಿ ಕಾಲ್ನಡಿಗೆಯಿಂದ ಸಾಗಿ ನಾವು ಅರಮನೆಯ ಮುಂದೆ ಬಂದು ನಿಂತೆವು. ಇದು ರಾಜಮನೆತನದವರು ಎರಡು ರಾಜಧಾನಿಗಳ ನಡುವೆ ಪ್ರಯಾಣ ಮಾಡುವಾಗ ತಂಗುವುದಕ್ಕಾಗಿ 1760ರ ದಶಕದಲ್ಲಿ ಕಟ್ಟಿದ ಅರಮನೆ. ಈಗ ಅಲ್ಲಿ ಚಿತ್ರಶಾಲೆ ಇದೆ. ಅದರ ಮುಂದೆಯೇ ಸಂರಕ್ಷಕ ದೇವನ ಹೆಸರಿನ ಬಿಳಿಯ ಚರ್ಚು. ನಿಕಿತಿನ್ ತನ್ನ ಬರವಣಿಗೆಯ ಮೊದಲಿಗೇ ಈ ಚರ್ಚನ್ನು ಸ್ಮರಿಸಿದ್ದಾನೆ. ಚಿನ್ನದ ಶಿಖರದ ಆ ದೇವಮಂದಿರದ ಆಶೀರ್ವಾದ ಪಡೆದೇ ಆತ ಊರು ಬಿಟ್ಟದ್ದು. ಆದರೆ ನಮ್ಮ ಎದುರಿಗೆ ಇದ್ದದ್ದು ಆತ ಕೈಮುಗಿದ ಕಟ್ಟಡವಲ್ಲ. 1285ರಲ್ಲಿ ಆರಂಭವಾದ ಮೂಲ ಚರ್ಚು 17ನೆಯ ಶತಮಾನದ ಕೊನೆಗೆ ಹೋಗಿ ಬೇರೊಂದು ಬಂತು. ಅದನ್ನು 1935ರಲ್ಲಿ ಸಿಡಿಮದ್ದಿಟ್ಟು ಉರುಳಿಸಲಾಯಿತು. ಈಗ ಕಾಣುವುದು 2010ರ ದಶಕದಲ್ಲಿ ಮತ್ತೆ ಎಬ್ಬಿಸಿದ ಕಟ್ಟಡ.

ಅಲ್ಲಿಂದ ತ್ಮಾಕಾ ನದಿ ವೋಲ್ಗಾವನ್ನು ಕೂಡುವ ತುದಿಯವರೆಗೆ ಹಳೆಯ ಕೋಟೆಯ ನೆಲ. ನಿಕಿತಿನನ ಕಾಲದ ತ್ವೆರ್ ಎಂದರೆ ಮುಖ್ಯವಾಗಿ ಮರದ ಗೋಡೆಗಳ ಈ ಕೋಟೆ, ಅದರ ಸುತ್ತಲಿನ ಮರದ ಮನೆಗಳು. ಇಂದು ಅಲ್ಲಿ ಗೋಡೆಯ ಗುರುತಿಲ್ಲ, ಬಾಗಿಲ ಗುರುತಿಲ್ಲ. ಒಂದು ಭಾಗದಲ್ಲಿ ಮಕ್ಕಳು ಆಡುವ ಉದ್ಯಾನ, ಇನ್ನೊಂದು ಭಾಗದಲ್ಲಿ ಕಾಲ್ಚೆಂಡಿನ ಕ್ರೀಡಾಂಗಣ. ತ್ಮಾಕಾ ನದಿಯನ್ನು ದಾಟಿ ಊರಿನ ಅತ್ಯಂತ ಹಳೆಯ ಕಲ್ಲಿನ ಕಟ್ಟಡವೆಂದು ಹೆಸರಾದ 'ಶ್ವೇತ ತ್ರಿತ್ವ' ಚರ್ಚನ್ನೂ ನೋಡಿದೆವು. ಅದನ್ನು ವರ್ತಕನೊಬ್ಬ ಕಟ್ಟಿಸಿದ್ದು 1564ರಲ್ಲಿ, ನಿಕಿತಿನ್ ತೀರಿಕೊಂಡು ಸುಮಾರು ತೊಂಬತ್ತು ವರ್ಷಗಳ ಮೇಲೆ. ಆತನ ಕಣ್ಣು ಕಂಡಿದ್ದ ಒಂದು ಕಟ್ಟಡವೂ ಈ ಊರಿನಲ್ಲಿ ಉಳಿದಿಲ್ಲ. ಉಳಿದಿರುವವು ಮೂರು ನದಿಗಳು ಮಾತ್ರ. ಯಾವ ಊರನ್ನು ಅಳತೆಗೋಲಾಗಿ ಹಿಡಿದು ಆತ ಶ್ರೀಶೈಲವನ್ನು ಅಳೆದನೋ ಆ ಊರು ಅಳಿದಿದೆ. ಅಳತೆಗೆ ಒಳಗಾದ ಕ್ಷೇತ್ರ ಇಂದಿಗೂ ಭಕ್ತರಿಂದ ತುಂಬಿದೆ. ಈ ಸಂಗತಿ ಮನಸ್ಸಿಗೆ ತಟ್ಟಿದಾಗ ನಾವು ಆ ಚರ್ಚಿನ ಅಂಗಳದಲ್ಲಿ ಬಹಳ ಹೊತ್ತು ಸುಮ್ಮನೆ ನಿಂತುಬಿಟ್ಟೆವು.

ಒಳಗೆ ಮೇಣದ ಬತ್ತಿಗಳ ಮಂದ ಬೆಳಕು, ಧೂಪದ ಕಂಪು. ಹೆಂಗಸರು ತಲೆಗೆ ವಸ್ತ್ರ ಕಟ್ಟಿಕೊಂಡಿದ್ದರು. ಗಂಡಸರು ಟೊಪ್ಪಿಗೆ ತೆಗೆದಿದ್ದರು. ಕೂರುವುದಕ್ಕೆ ಆಸನಗಳಿಲ್ಲ, ಎಲ್ಲರೂ ನಿಂತೇ ಪ್ರಾರ್ಥಿಸುತ್ತಿದ್ದರು. ಬತ್ತಿ ಮಾರುವ ವೃದ್ಧೆಯೊಬ್ಬರು ನಮ್ಮ ಮುಖವನ್ನು ನೋಡಿ, "ಇಂದಿಯಾ?" ಎಂದು ಕೇಳಿದರು. ಹೌದೆಂದು ತಲೆಯಾಡಿಸಿದೆವು. ಆ ತಾಯಿ ಮುಗುಳ್ನಕ್ಕು ನದಿಯ ಕಡೆಗೆ ಕೈತೋರಿಸಿ, "ಅಫನಾಸಿ ನಿಕಿತಿನ್" ಎಂದರು. ನಮ್ಮಿಬ್ಬರಿಗೂ ತಿಳಿದಿದ್ದ ಮಾತುಗಳು ಅಷ್ಟೇ, ಅಷ್ಟೇ ಸಾಕಾಯಿತು.

ಸಸ್ಯಾಹಾರಿಗಳಾದ ನಮ್ಮವರಿಗೆ ಆ ದೇಶದಲ್ಲಿ ಊಟದ ಚಿಂತೆ ಇದ್ದೇ ಇರುತ್ತದೆ. ನಾವು ಹೋದದ್ದು ಈಸ್ಟರ್ ಹಬ್ಬಕ್ಕೆ ಮುಂಚಿನ ಮಹಾ ಉಪವಾಸದ ಕಾಲ. ಏಳು ವಾರಗಳ ಆ ಅವಧಿಯಲ್ಲಿ ಅಲ್ಲಿಯ ಶ್ರದ್ಧಾವಂತ ಕ್ರೈಸ್ತರು ಮಾಂಸ, ಮೊಟ್ಟೆಗಳನ್ನಷ್ಟೇ ಅಲ್ಲ, ಹಾಲು ತುಪ್ಪಗಳನ್ನೂ ಬಿಡುತ್ತಾರೆ. ಹೋಟೆಲುಗಳಲ್ಲಿ ಅದಕ್ಕೆಂದೇ ಬೇರೆ ಪಟ್ಟಿ ಇರುತ್ತದೆ. 'ಪೋಸ್ತ್‌ನಯೆ' ಎಂಬ ಒಂದು ಶಬ್ದವನ್ನು ಕಲಿತಿದ್ದರೆ ಕೆಲಸ ಸುಲಭ. ನಮಗೆ 'ಗ್ರೆಚ್ಕಾ' ಎಂಬ ಕಂದು ಬಣ್ಣದ ಕಾಳಿನ ಅನ್ನ, ಅಣಬೆ, ಆಲೂಗಡ್ಡೆಯ ಹೂರಣ ತುಂಬಿದ ರೊಟ್ಟಿ, ಹಾಲಿಲ್ಲದ ಬಿಸಿ ಚಹಾ ದೊರೆತವು. ಪರದೇಶದಲ್ಲಿ ಅವರ ವ್ರತ ನಮ್ಮ ನೇಮವನ್ನು ಕಾಯ್ದಿತು.

ಊಟದ ಮುಂದೆ ಕುಳಿತಾಗ ನಿಕಿತಿನನ ಸಂಕಟ ಚೆನ್ನಾಗಿ ಅರ್ಥವಾಯಿತು. ವೋಲ್ಗಾ ನದಿಯ ಕೊನೆಯಲ್ಲಿ, ಅಸ್ತ್ರಾಖಾನ್ ಸಮೀಪ, ದರೋಡೆಕೋರರು ಆತನ ಸರಕನ್ನು ದೋಚಿದರು. ಜೊತೆಗೆ ಆತನ ಧರ್ಮಗ್ರಂಥಗಳೂ ಹೋದವು. ಹಬ್ಬ ಉಪವಾಸಗಳ ದಿನಗಳನ್ನು ಲೆಕ್ಕ ಹಾಕುವುದು ಆ ಪುಸ್ತಕಗಳಿಂದಲೇ ಆಗಬೇಕಿತ್ತು. ಬರಿಗೈಯಲ್ಲಿ ಊರಿಗೆ ಮರಳಿದರೆ ಸಾಲ ಕಾದಿತ್ತು. ಆತ ಪರ್ಷಿಯಾ ದಾಟಿ, ಹೊರ್ಮುಜ್ ಬಂದರಿನಿಂದ ಮಾರಾಟಕ್ಕೆಂದು ಒಂದು ಕುದುರೆಯೊಡನೆ ಹಡಗು ಹತ್ತಿ, ಕೊಂಕಣದ ಚೌಲ್ ಬಂದರಿನಲ್ಲಿ ಇಳಿದನು. ವಾಸ್ಕೋ ಡ ಗಾಮಾ 1498ರಲ್ಲಿ ಕಲ್ಲಿಕೋಟೆಗೆ ಬರುವುದಕ್ಕೆ ಕಾಲು ಶತಮಾನಕ್ಕೂ ಮುಂಚಿನ ಮಾತು ಇದು. ಜುನ್ನಾರದಲ್ಲಿ ಅಲ್ಲಿಯ ಅಧಿಕಾರಿಯು ಕುದುರೆಯನ್ನು ಕಿತ್ತುಕೊಂಡು, ಧರ್ಮ ಬಿಟ್ಟರೆ ಕುದುರೆಯ ಜೊತೆಗೆ ಸಾವಿರ ಹೊನ್ನು, ಬಿಡದಿದ್ದರೆ ಎರಡೂ ಇಲ್ಲ ಎಂದು ನಾಲ್ಕು ದಿನಗಳ ಗಡುವು ಕೊಟ್ಟನು. ಆ ಕುದುರೆಯೇ ಆತನ ಸರ್ವಸ್ವ. ಆದರೂ ಆತ ಒಪ್ಪಲಿಲ್ಲ. ಆತನ ಪರವಾಗಿ ಮಾತಾಡಿ ಕುದುರೆಯನ್ನೂ ಧರ್ಮವನ್ನೂ ಉಳಿಸಿಕೊಟ್ಟವನು ಖೊರಾಸಾನದ ಮಹಮ್ಮದ್ ಎಂಬ ಮುಸಲ್ಮಾನ ಸಜ್ಜನ ಎಂಬುದನ್ನು ಇಲ್ಲಿ ಮರೆಯಲಾಗದು. ಬೀದರಿನಲ್ಲಿ ಈಸ್ಟರ್ ಯಾವಾಗ ಬರುವುದೆಂದು ತಿಳಿಯದೆ ಆತ ಊಹೆಯಿಂದ ಉಪವಾಸ ಹಿಡಿದನು, ಒಂಟಿಯಾಗಿ ಪ್ರಾರ್ಥಿಸಿದನು, ನಾಲ್ಕು ಈಸ್ಟರ್‌ಗಳು ಪರದೇಶದಲ್ಲಿ ಕಳೆದುಹೋದವೆಂದು ಕೊರಗಿದನು. ಕೊನೆಕೊನೆಗೆ ಆತನ ಪ್ರಾರ್ಥನೆಗಳಲ್ಲಿ ಅರಬ್ಬಿ, ಪಾರಸಿ ಶಬ್ದಗಳು ಬೆರೆತವು. ಗುರುವಿಲ್ಲ, ಗ್ರಂಥವಿಲ್ಲ, ಬಂಧುಬಳಗವಿಲ್ಲ. ಆದರೂ ದೇವರನ್ನು ಕರೆಯುವುದನ್ನು ಆತ ನಿಲ್ಲಿಸಲಿಲ್ಲ.

ಸಂಜೆಯಾಗುವ ಮುನ್ನ ಹಳೆಯ ಉಕ್ಕಿನ ಸೇತುವೆಯ ಮೇಲೆ ನದಿಯನ್ನು ದಾಟಿದೆವು. ಎದುರು ದಡದಲ್ಲಿ, ಆತನ ಹೆಸರನ್ನೇ ಹೊತ್ತ ನದೀತೀರದ ಬೀದಿಯಲ್ಲಿ, 1955ರಲ್ಲಿ ನಿಲ್ಲಿಸಿದ ನಿಕಿತಿನನ ಕಂಚಿನ ಪ್ರತಿಮೆ ಇದೆ. ಕುದುರೆಯ ತಲೆಯನ್ನು ಕೆತ್ತಿದ ನಾವೆಯ ಮೂತಿಯ ಮೇಲ್ಗಡೆ, ಕೈಯಲ್ಲಿ ಸುರುಳಿ ಹಿಡಿದು ಆತ ನಿಂತಿದ್ದಾನೆ. ಬೂಟುಗಾಲಿನ ಹುಡುಗರು ಆ ಪೀಠದ ಸುತ್ತ ಓಡಾಡುತ್ತಿದ್ದರು. ಕೆಳಗೆ ವೋಲ್ಗಾ ಅಂಚಿನ ಮಂಜಿನ ಚೂರುಗಳನ್ನು ಹೊತ್ತು ಹರಿಯುತ್ತಿತ್ತು.

ಆ ಸುರುಳಿಯಲ್ಲಿ ನಮ್ಮ ನಾಡಿನ ಯಾವ ಚಿತ್ರವಿದೆ? ಮಹಮೂದ್ ಗವಾನ್ ಮಂತ್ರಿಯಾಗಿದ್ದ ಕಾಲದ ಬೀದರಿನ ವೈಭವವಿದೆ; ಶ್ರೀಮಂತರು ಬೆಳ್ಳಿಯ ಪಲ್ಲಕ್ಕಿಗಳಲ್ಲಿ ಮೆರೆಯುವಾಗ ಹಳ್ಳಿಯ ಜನ ಮೈಮೇಲೆ ಬಟ್ಟೆಯಿಲ್ಲದೆ ಬದುಕುವರೆಂಬ ಕಟುಸತ್ಯವೂ ಇದೆ. ಕುದುರೆ ವ್ಯಾಪಾರಕ್ಕೆ ಹೆಸರಾದ ಆಳಂದದ ಜಾತ್ರೆ ಇದೆ. ತಾನು ಕ್ರೈಸ್ತನೆಂದು ತಿಳಿಸಿದ ಮೇಲೆ ಬೀದರಿನ ಹಿಂದೂಗಳು ತಮ್ಮ ಊಟ, ವ್ಯಾಪಾರ, ಪೂಜೆ ಯಾವುದನ್ನೂ ತನ್ನಿಂದ ಮರೆಮಾಡಲಿಲ್ಲ, ಮನೆಯ ಹೆಂಗಸರೂ ಮರೆಯಾಗಲಿಲ್ಲ ಎಂದು ಆತ ನೆನೆದಿದ್ದಾನೆ. ಅವರ ಸಂಗಡವೇ ಒಂದು ತಿಂಗಳ ದಾರಿ ಸವೆಸಿ ಪರ್ವತಕ್ಕೆ ಹೋದನು. ಅದು ತಮ್ಮವರ ಜೆರುಸಲೇಮಿಗೆ ಸಮಾನವೆಂದು ತನ್ನ ಜನಕ್ಕೆ ತಿಳಿಯುವಂತೆ ವಿವರಿಸಿದನು. ಕಲ್ಲಿನ ಮೇಲೆ ಸುತ್ತಲೂ ಕೆತ್ತಿದ ದೇವಲೀಲೆಗಳು, ಐದು ದಿನಗಳ ಜಾತ್ರೆ, ತಲೆ ಗಡ್ಡ ಬೋಳಿಸಿಕೊಂಡ ಯಾತ್ರಿಕರು, ದೇವರ ಮುಂದೆ ಹೊನ್ನಿನ ಲೇಪದ ಕರಿಯ ಕಲ್ಲಿನ ಭಾರಿ ವೃಷಭ, ಅದರ ಗೊರಸಿಗೆ ಮುತ್ತಿಟ್ಟು ಹೂವೆರಚುವ ಭಕ್ತರು, ಎಲ್ಲವನ್ನೂ ಆತ ಬರೆದನು. ಮೂರ್ತಿಗಳ ವರ್ಣನೆಯಲ್ಲಿ ಹೊಸಬನ ಕಣ್ಣಿನ ಗೊಂದಲವುಂಟು. ಆದರೆ ತನ್ನ ಧರ್ಮಕ್ಕಾಗಿ ಸರ್ವಸ್ವವನ್ನೂ ಪಣಕ್ಕಿಟ್ಟ ಆ ಮನುಷ್ಯ, ಅನ್ಯರ ಭಕ್ತಿಯ ಮುಂದೆ ನಿಂತಾಗ ಹಂಗಿಸಲಿಲ್ಲ, ನೋಡಿದನು, ಬರೆದನು.

ಆತ ಮತ್ತೆ ತ್ವೆರ್ ಊರನ್ನು ಕಾಣಲಿಲ್ಲ. ದಾಭೋಳದಲ್ಲಿ ಹಡಗು ಹತ್ತಿ, ಹೊರ್ಮುಜ್, ತಬ್ರೀಜ್, ಕಪ್ಪು ಸಮುದ್ರಗಳನ್ನು ದಾಟಿ ಹೊರಟವನು ಸ್ಮೋಲೆನ್ಸ್ಕ್ ಪಟ್ಟಣವನ್ನು ತಲುಪುವ ಮುನ್ನವೇ ದಾರಿಯಲ್ಲಿ ತೀರಿಕೊಂಡನು. ಆತನ ಕೈಬರಹದ ಹಾಳೆಗಳನ್ನು ವರ್ತಕರು 1475ರಲ್ಲಿ ಮಾಸ್ಕೋಗೆ ತಂದು ವಾಸಿಲಿ ಮಾಮಿರೆವ್ ಎಂಬ ರಾಜಕರಣಿಕನಿಗೆ ಒಪ್ಪಿಸಿದರು. 19ನೆಯ ಶತಮಾನದ ಮೊದಲಲ್ಲಿ ಇತಿಹಾಸಕಾರ ಕರಮ್‌ಜಿನ್ ಮಠವೊಂದರ ಗ್ರಂಥಭಂಡಾರದಲ್ಲಿ ಅದರ ಪ್ರತಿಯನ್ನು ಕಂಡು ಲೋಕಕ್ಕೆ ತಿಳಿಸಿದನು. 'ಮೂರು ಸಮುದ್ರಗಳಾಚೆಯ ಯಾತ್ರೆ' ಎಂಬ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. ಆತ ತಂದುಕೊಡಬೇಕೆಂದಿದ್ದ ಸರಕು ಯಾವುದೂ ಊರು ಮುಟ್ಟಲಿಲ್ಲ. ಆತ ಕಂಡದ್ದು ಮಾತ್ರ ಮುಟ್ಟಿತು.

ಚಳಿ ಹೆಚ್ಚಿದಂತೆ ನದೀತೀರ ಬರಿದಾಯಿತು. ನಾವು ಪ್ರತಿಮೆಗೆ ಕೈಮುಗಿದು ವಸತಿಯ ಕಡೆಗೆ ಹೊರಟೆವು. ನಮ್ಮ ಓದುಗ ಬಂಧುಗಳಲ್ಲಿ ಅನೇಕರು ವರ್ಷಕ್ಕೊಮ್ಮೆಯಾದರೂ ಶ್ರೀಶೈಲಕ್ಕೆ ಹೋಗುವವರು. ಮುಂದಿನ ಸಲ ನಂದಿಯ ಎದುರು ನಿಂತಾಗ, ಪ್ರಾಕಾರದ ಗೋಡೆಯ ಕೆತ್ತನೆಗಳನ್ನು ಮಕ್ಕಳಿಗೆ ತೋರಿಸುವಾಗ, ಇದೇ ಕ್ಷೇತ್ರದಲ್ಲಿ ಒಮ್ಮೆ ಮಂಜಿನ ನಾಡಿನ ಬಡ ವರ್ತಕನೊಬ್ಬನು ನಿಂತು ತನ್ನ ಹುಟ್ಟೂರನ್ನು ನೆನೆದಿದ್ದನೆಂದು ಅವರಿಗೆ ಹೇಳಿರಿ. ನಮ್ಮ ಹಿರಿಯರು ಆತನನ್ನು ಹೊರಗಿನವನೆಂದು ದೂರವಿಡದೆ ಜೊತೆಗೆ ಕರೆದೊಯ್ದರೆಂಬುದನ್ನೂ ಹೇಳಿರಿ.