ತಂಗಡಿ, ತಗಚೆ ಮತ್ತು ಅವುಗಳ ಸೋದರ

ಬೀದರ ಜಿಲ್ಲೆಯ ಔರಾದ ಸೀಮೆಯ ಮಾತು ಬಂದಾಗ ಹೊರಗಿನವರು ಬಿಸಿಲು, ಬರ, ಗುಳೆ ಎಂಬ ಮೂರು ಶಬ್ದಗಳಾಚೆ ಹೋಗುವುದು ಅಪರೂಪ. ಈ ನೆಲದವರಾದ ನಾವೂ ಹಾಗೆಯೇ ನಂಬಿಕೊಂಡು ಬಂದಿದ್ದೇವೆ. ಮಲೆನಾಡಿನಲ್ಲಿ ಗಿಡಮೂಲಿಕೆಗಳಿವೆ, ಹಿಮಾಲಯದಲ್ಲಿ ಸಂಜೀವಿನಿಯಿದೆ, ನಮ್ಮ ಹೊಲದ ಬದುವಿನಲ್ಲಿ ಮಾತ್ರ ಕಳೆಯಿದೆ ಎಂಬುದು ನಮ್ಮ ಮನೆಗಳ ಸಾಮಾನ್ಯ ಅಭಿಪ್ರಾಯ. ಆದರೆ ಆ ಕಳೆಯಲ್ಲಿಯೇ ಔಷಧವಿದೆ, ಆಹಾರವಿದೆ, ಎಳೆಯ ಮಕ್ಕಳ ಪ್ರಾಣಕ್ಕೆ ಎರವಾಗುವ ವಿಷವೂ ಇದೆ. ಮೂರೂ ಒಂದೇ ಹಳದಿ ಬಣ್ಣದ ಹೂ ಮುಡಿದು ನಿಂತಿವೆ. ಇದನ್ನು ಸದ್ಭಕ್ತರಲ್ಲಿ ಅರಿಕೆ ಮಾಡಿಕೊಳ್ಳುವುದಕ್ಕಾಗಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಈಚೆಗೆ ಕೆನಡಾ ದೇಶದಲ್ಲಿ ಉದ್ಯೋಗದಲ್ಲಿರುವ ಭಕ್ತರ ಮನೆಯ ತರುಣರೊಬ್ಬರು ನಮ್ಮನ್ನು ಕಾಣಲು ಬಂದಿದ್ದರು. ಅಲ್ಲಿಯ ಜನ ಪೈನ್ ಮರದ ಸೂಜಿಯಂಥ ಎಲೆಗಳನ್ನು ಆಯ್ದು ತಂದು ಚಹಾ ಕಾಸುತ್ತಾರೆಂದೂ, ಅದರ ಬೀಜ ತಿನ್ನುತ್ತಾರೆಂದೂ, ಅಂಟನ್ನು ಗಾಯಕ್ಕೆ ಹಚ್ಚುತ್ತಾರೆಂದೂ ಬಣ್ಣಿಸಿದರು. ಅದು ಹುಸಿಯಲ್ಲ. 1535-36ರ ಚಳಿಗಾಲದಲ್ಲಿ ಜಾಕ್ ಕಾರ್ಟಿಯೆ ಎಂಬ ಫ್ರೆಂಚ್ ನಾವಿಕನ ತಂಡ ಇಂದಿನ ಕ್ವಿಬೆಕ್ ಹತ್ತಿರ ಮಂಜಿನಲ್ಲಿ ಸಿಕ್ಕಿಬಿದ್ದು, ಒಸಡು ಕೊಳೆಯುವ ಸ್ಕರ್ವಿ ರೋಗದಿಂದ 25 ಜನರನ್ನು ಕಳೆದುಕೊಂಡಿತು. ಉಳಿದವರನ್ನು ಬದುಕಿಸಿದ್ದು ಆ ನೆಲದ ಮೂಲನಿವಾಸಿಗಳು ತೋರಿದ ಒಂದು ನಿತ್ಯಹಸಿರು ಮರದ ಎಲೆ ಮತ್ತು ತೊಗಟೆಯ ಕಷಾಯ. ಸಂಸ್ಕೃತದಲ್ಲಿ ಪೈನ್ ಮರಕ್ಕೆ ಸರಲವೆಂಬ ಹೆಸರಿದೆ. ನಮ್ಮ ದೇಶದಲ್ಲಿ ಅದರ ತವರು ಹಿಮಾಲಯ. ಔರಾದದ ಬಿಸಿಲಿಗೆ ಅದು ಬಾರದು. ಆದರೆ ಆ ತರುಣರು ಹೇಳಿದ ಇನ್ನೊಂದು ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು. ಅಲ್ಲಿ ಹೊಸಬರಿಗೆ ಪೈನ್ ಎಲೆ ಆಯುವುದನ್ನು ಕಲಿಸುವ ಮೊದಲು ಯೂ ಎಂಬ ಬೇರೊಂದು ಮರವನ್ನು ಗುರುತಿಸಲು ಕಲಿಸುತ್ತಾರಂತೆ. ಅದರ ಎಲೆ ನೋಡುವುದಕ್ಕೆ ಪೈನ್ ಜಾತಿಯ ಮರಗಳ ಎಲೆಯನ್ನು ಹೋಲುತ್ತದೆ, ಹೃದಯವನ್ನು ನಿಲ್ಲಿಸುತ್ತದೆ. ನಮ್ಮಲ್ಲಿ ಈ ಕ್ರಮವೇ ತಪ್ಪಿಹೋಗಿದೆ.

ನಮ್ಮ ಸೀಮೆಯ ಸರಲವೆಂದರೆ ತಂಗಡಿ. ತೆಲುಗು ಮಾತಿನವರಿಗೆ ಅದು ತಂಗೇಡು, ಮರಾಠಿಯವರಿಗೆ ತರವಡ, ದಕ್ಷಿಣದ ಕನ್ನಡಿಗರಿಗೆ ಆವರಿಕೆ, ಸಂಸ್ಕೃತ ಗ್ರಂಥಗಳಿಗೆ ಆವರ್ತಕೀ. ಮೂರು ಭಾಷೆಗಳು ಕೂಡುವ ಗಡಿಯಲ್ಲಿ ಗಿಡಕ್ಕೂ ಮೂರು ಹೆಸರು! ಔರಾದದಿಂದ ಬೀದರಿಗೆ ಬರುವ ದಾರಿಯಲ್ಲಿ, ಮಾಂಜ್ರಾ ನದಿಯ ಆಚೆ ಈಚೆ, ಬೇರೇನೂ ಬೆಳೆಯದ ಮುರ್ರಂ ದಿಬ್ಬಗಳ ಮೇಲೆ ಇದು ಆಳೆತ್ತರಕ್ಕೆ ಬೆಳೆದು ಚಿನ್ನ ಸುರಿದಂತೆ ಹೂ ಬಿಡುತ್ತದೆ. ದನಕರುಗಳು ಇದಕ್ಕೆ ಬಾಯಿ ಹಾಕುವುದು ಕಡಿಮೆ, ಆದುದರಿಂದಲೇ ಉಳಿದುಕೊಂಡಿದೆ. ನೆರೆಯ ತೆಲಂಗಾಣದ ಹೆಣ್ಣುಮಕ್ಕಳು ಬತುಕಮ್ಮ ಹಬ್ಬದಲ್ಲಿ ಇದೇ ಹೂವನ್ನು ಗೋಪುರದಂತೆ ಒಟ್ಟುತ್ತಾರೆ. ಆ ರಾಜ್ಯವು 2014ರಲ್ಲಿ ರೂಪುಗೊಂಡಾಗ ಇದನ್ನೇ ರಾಜ್ಯಪುಷ್ಪವೆಂದು ಸಾರಿತು. ಗಡಿ ದಾಟಿದರೆ ರಾಜಮರ್ಯಾದೆ, ಈಚೆ ಬಂದರೆ ಕಳೆ.

ಗುರುತು ಹೀಗೆ. ಒಂದು ಕಡ್ಡಿಯಲ್ಲಿ ಎಂಟರಿಂದ ಹನ್ನೆರಡು ಜೊತೆ ಚಿಕ್ಕ ಎಲೆಗಳು, ತುದಿ ದುಂಡಗೆ. ಕಡ್ಡಿಯು ಕೊಂಬೆಗೆ ಕೂಡುವಲ್ಲಿ ಕಿವಿಯ ಆಕಾರದ ಅಗಲವಾದ ಎಲೆಯೊಂದು ಅಂಟಿಕೊಂಡಿರುತ್ತದೆ. ಸಸ್ಯಶಾಸ್ತ್ರಜ್ಞರು ಇದಕ್ಕಿಟ್ಟ ಹೆಸರಿನಲ್ಲಿಯೂ ಆ ಕಿವಿಯೇ ಇದೆ. ಕಾಯಿ ಕಾಗದದಂತೆ ತೆಳು, ಚಪ್ಪಟೆ.

ನಾವು ಬಾಲ್ಯದಲ್ಲಿ ಓದಿದ ಮಠದ ದಾಸೋಹದ ಮನೆಯಲ್ಲಿ ಚಹಾಪುಡಿ ತರುವಷ್ಟು ಹಣವಿರುತ್ತಿರಲಿಲ್ಲ. ಅಡುಗೆಯ ತಾಯಿಯೊಬ್ಬರು ಬೆಳಗಿನ ಇಬ್ಬನಿ ಆರಿದ ಮೇಲೆ ತಂಗಡಿಯ ಹೂಗಳನ್ನು ಉಡಿಯಲ್ಲಿ ತಂದು ನೆರಳಿನಲ್ಲಿ ಹರಡುತ್ತಿದ್ದರು. ಬಿಸಿಲಿಗೆ ಹಾಕಿದರೆ ಬಣ್ಣವೂ ಹೋಗುವುದು, ಸತ್ವವೂ ಹೋಗುವುದು ಎನ್ನುತ್ತಿದ್ದರು. ಒಂದು ಲೋಟ ನೀರಿಗೆ ಐದಾರು ಒಣಹೂ, ಒಂದು ಚೂರು ಶುಂಠಿ, ಇಳಿಸಿದ ಮೇಲೆ ಬೆಲ್ಲ. ಹೊಂಬಣ್ಣದ ಆ ನೀರಿಗೆ ತುಸು ಕಹಿ, ತುಸು ಒಗರು. ಬೇಸಿಗೆಯ ಉರಿಮೂತ್ರಕ್ಕೂ ಮೈಬಿಸಿಗೂ ಅದನ್ನೇ ತಣಿಸಿ ಕೊಡುತ್ತಿದ್ದರು. ಸಿಂಹಳದಲ್ಲಿ ಇದಕ್ಕೆ ರಣವರ ಎಂಬ ಹೆಸರು. ಅಲ್ಲಿಯೂ ಇದರ ಚಹಾ ಕುಡಿಯುವ ವಾಡಿಕೆ ಹಳೆಯದು. ಇಂದು ಇದೇ ಹೂ ನಗರಗಳ ಅಂಗಡಿಗಳಲ್ಲಿ ಬಣ್ಣದ ಪೊಟ್ಟಣ ಹೊಕ್ಕು ದುಬಾರಿ ಬೆಲೆಗೆ ಮಾರಾಟವಾಗುವುದನ್ನು ಕಂಡು ನಮಗೆ ನಗೆ ಬರುತ್ತದೆ. ನಮ್ಮ ದಿಬ್ಬದ ಮೇಲಿನದನ್ನು ಕೇಳುವವರಿಲ್ಲ.

ತೊಗಟೆಯ ಕಥೆ ಇದಕ್ಕಿಂತ ದೊಡ್ಡದು. ಹಸಿಯ ಚರ್ಮವು ಕೊಳೆಯದೆ ತೊಗಲಾಗಬೇಕಾದರೆ ಅದನ್ನು ಒಗರಿನ ನೀರಿನಲ್ಲಿ ದಿನಗಟ್ಟಲೆ ನೆನೆಹಾಕಬೇಕು. ದಕ್ಷಿಣ ಭಾರತದಲ್ಲಿ ಆ ಒಗರನ್ನು ಕೊಟ್ಟ ಪ್ರಧಾನ ಗಿಡ ತಂಗಡಿಯೇ. ಕಳೆದ ಶತಮಾನದಲ್ಲಿ ದಕ್ಷಿಣ ಆಫ್ರಿಕದಿಂದ ವಾಟಲ್ ಎಂಬ ಮರದ ತೊಗಟೆ ಬರತೊಡಗಿದ ಮೇಲೆ ಇದರ ಗಿರಾಕಿ ತಗ್ಗಿತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಡೋಹರ ಕಕ್ಕಯ್ಯನವರೂ ಸಮಗಾರ ಹರಳಯ್ಯನವರೂ ಮಾಡಿದ ಕಾಯಕ ಈ ತೊಗಲಿನದೇ. ಅವರ ತೊಟ್ಟಿಯಲ್ಲಿ ಯಾವ ತೊಗಟೆಯಿತ್ತೆಂದು ಶಾಸನಗಳು ಹೇಳುವುದಿಲ್ಲ. ಆದರೆ ಈ ನಾಡಿನ ಚರ್ಮಕಾರರು ತಂಗಡಿ, ಜಾಲಿ, ಅಳಲೆಗಳನ್ನು ನೆಚ್ಚಿದ್ದವರು. ತೊಟ್ಟಿಯಲ್ಲಿ ಚರ್ಮದ ಪ್ರೋಟೀನನ್ನು ಬಿಗಿಹಿಡಿಯುವ ಆ ಟ್ಯಾನಿನ್ ಎಂಬ ದ್ರವ್ಯವೇ ಬಾಯಿಯಲ್ಲಿ ಸಡಿಲಗೊಂಡ ಒಸಡನ್ನು ಬಿಗಿಗೊಳಿಸುತ್ತದೆ. ಬಾಯಿಹುಣ್ಣಿಗೆ ತಂಗಡಿ ತೊಗಟೆಯ ಕಷಾಯದಿಂದ ಮುಕ್ಕಳಿಸಬೇಕೆಂದು ಹಿರಿಯರು ಹೇಳಿದ್ದರ ಒಳಗುಟ್ಟು ಇದು. ಯಾರನ್ನು ಸಮಾಜವು ಊರ ಹೊರಗಿಟ್ಟಿತ್ತೋ ಅವರ ತೊಟ್ಟಿಯ ಅರಿವೇ ಊರೊಳಗಿನವರ ಹಲ್ಲುನೋವಿಗೂ ಮದ್ದಾಗಿದ್ದಿತು. ಕಷಾಯವನ್ನು ಕಬ್ಬಿಣದ ಪಾತ್ರೆಯಲ್ಲಿ ಕಾಸಬಾರದು. ಕಬ್ಬಿಣವೂ ಒಗರೂ ಕೂಡಿದರೆ ಮಸಿಯಂತೆ ಕಪ್ಪಾಗುತ್ತದೆ. ಹಿಂದಿನವರು ಬರೆಯುವ ಮಸಿಯನ್ನು ಮಾಡುತ್ತಿದ್ದುದೂ ಹೀಗೆಯೇ.

ಇನ್ನು ಮಧುಮೇಹದ ಮಾತು. ತಂಗಡಿ ಹೂವಿಗೆ ರಕ್ತದ ಸಕ್ಕರೆಯನ್ನು ತಗ್ಗಿಸುವ ಗುಣವಿದೆಯೆಂದು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಅಷ್ಟನ್ನೇ ಹಿಡಿದು ನಮ್ಮ ಬಳಗದ ನಿವೃತ್ತ ಶಿಕ್ಷಕರೊಬ್ಬರು ವೈದ್ಯರು ಕೊಟ್ಟ ಗುಳಿಗೆಗಳನ್ನು ಬಿಟ್ಟು, ಬೆಳಗು ಬೈಗು ಹೂವಿನ ಕಷಾಯವನ್ನೇ ಕುಡಿಯತೊಡಗಿದರು. ಎಂಟು ತಿಂಗಳಲ್ಲಿ ಕಾಲಿನ ಗಾಯ ಮಾಯದೆ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಗಿಡ ಅವರಿಗೆ ಮೋಸ ಮಾಡಲಿಲ್ಲ. ಅದು ತನ್ನ ಮಿತಿಯಲ್ಲಿಯೇ ಇದ್ದಿತು. ಗುಳಿಗೆ ನುಂಗುವವರು ಈ ಕಷಾಯ ಕುಡಿಯುವುದಾದರೆ ವೈದ್ಯರಿಗೆ ತಿಳಿಸಿಯೇ ಕುಡಿಯಬೇಕು, ಏಕೆಂದರೆ ಎರಡೂ ಸೇರಿ ಸಕ್ಕರೆ ಅತಿಯಾಗಿ ಇಳಿಯಲೂಬಹುದು. ಶ್ರೀಲಂಕೆಯ ಸಂಶೋಧಕರು 1981ರಲ್ಲಿ ತಮ್ಮ ನಾಡಿನ ಮೂಲಿಕೆಗಳನ್ನು ಪರೀಕ್ಷಿಸಿದಾಗ ಯಕೃತ್ತಿಗೆ ಕೇಡು ಮಾಡಬಲ್ಲ ದ್ರವ್ಯಗಳು ಈ ಗಿಡದಲ್ಲಿಯೂ ಕಂಡುಬಂದವು. ಆದಕಾರಣ ವರ್ಷವಿಡೀ ನಿತ್ಯಪಾನ ಮಾಡುವುದನ್ನು ನಾವು ಒಪ್ಪುವುದಿಲ್ಲ. ಆಗೊಮ್ಮೆ ಈಗೊಮ್ಮೆ ಸಾಕು. ಗರ್ಭಿಣಿಯರಿಗೂ ಕೂಸುಗಳಿಗೂ ಬೇಡವೇ ಬೇಡ.

ತಗಚೆಯ ವಿಷಯ ಸುಲಭ. ಮೊದಲ ಮಳೆ ಬಿದ್ದ ಎರಡೇ ವಾರದಲ್ಲಿ ರಸ್ತೆಯ ಬದಿಯೆಲ್ಲ ಹಸಿರಾಗುವುದು ಅದರಿಂದಲೇ. ಮರಾಠಿ ಮನೆಗಳಲ್ಲಿ ಅದನ್ನು ತರೋಟಾ ಎನ್ನುತ್ತಾರೆ. ಕಡ್ಡಿಗೆ ಮೂರೇ ಜೊತೆ ಎಲೆ, ತುದಿ ದುಂಡಗೆ, ಸಂಜೆಯಾದೊಡನೆ ಎಲೆಗಳು ಕೈಮುಗಿದಂತೆ ಮಡಚಿಕೊಳ್ಳುತ್ತವೆ. 1972ರ ಬರಗಾಲದಲ್ಲಿ ನಮಗೆ 11 ವರ್ಷ. ಆಗ ಅಮೇರಿಕದ ಕೆಂಪು ಜೋಳದ ರೊಟ್ಟಿಗೆ ತಗಚೆಯ ಪಲ್ಯವೇ ಜೊತೆಯಾಗಿದ್ದಿತು. ಎಳೆಯ ಕುಡಿಗಳನ್ನು ಮಾತ್ರ ಚಿವುಟಬೇಕು. ಕುದಿಸಿ ಮೊದಲ ನೀರನ್ನು ಚೆಲ್ಲಿದರೆ ವಾಸನೆಯೂ ಒಗರೂ ಹೋಗುತ್ತವೆ. ಬಳಿಕ ಹೆಸರುಬೇಳೆ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿಯ ಒಗ್ಗರಣೆ. ಬರ ಮುಗಿದ ಮೇಲೆ ಅನೇಕರು ಇದನ್ನು ಬಡವರ ಪಲ್ಯವೆಂದು ಬಿಟ್ಟರು. ರುಚಿ ಬಲ್ಲವರು ಬಿಡಲಿಲ್ಲ. ನಮ್ಮ ಮನೆಯಲ್ಲಿ ಇಂದಿಗೂ ಮೃಗಶಿರೆಯ ಮಳೆಗೆ ಒಮ್ಮೆಯಾದರೂ ಆಗಲೇಬೇಕು. ಅತಿಯಾದರೆ ಹೊಟ್ಟೆ ಸಡಿಲಾಗುವುದೆಂಬುದನ್ನು ನೆನಪಿಡಬೇಕು. ಇದರ ಬೀಜವನ್ನು ಹುರಿದು ಚೀನ, ಕೊರಿಯಾ ದೇಶಗಳಲ್ಲಿ ಚಹಾ ಮಾಡುತ್ತಾರೆ. ಸಂಸ್ಕೃತದಲ್ಲಿ ಇದರ ಹೆಸರು ಚಕ್ರಮರ್ದ, ಎಂದರೆ ಚಕ್ರಾಕಾರದ ಹುಳುಕಡ್ಡಿಯನ್ನು ಅಳಿಸುವುದು. ಬೀಜವನ್ನು ಹುಳಿಮಜ್ಜಿಗೆಯಲ್ಲಿ ಅರೆದು ಹಚ್ಚುವ ಮದ್ದನ್ನು ನಮ್ಮ ಭಾಗದ ಎಲ್ಲ ಅಜ್ಜಿಯರೂ ಬಲ್ಲರು.

ಆಯುವವರ ಪ್ರಸ್ತಾಪ ಬಂದಾಗ ಆಯ್ದಕ್ಕಿ ಲಕ್ಕಮ್ಮನವರನ್ನು ನೆನೆಯದಿರುವುದು ಹೇಗೆ? ಪತಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಮರಳಿ ಚೆಲ್ಲಿ ಬರಲು ಹೇಳಿದವರು ಆ ತಾಯಿ. ಈಗ ಕೆಲವರು ಪೊಟ್ಟಣದ ವ್ಯಾಪಾರಕ್ಕಾಗಿ ತಂಗಡಿಯ ಕೊಂಬೆಗಳನ್ನೇ ಮುರಿದು ಒಯ್ಯುವುದನ್ನು ಕಾಣುತ್ತಿದ್ದೇವೆ. ತೊಗಟೆಗಾಗಿ ಕಾಂಡದ ಸುತ್ತ ಸುಲಿದರೆ ಗಿಡ ಸಾಯುತ್ತದೆ. ಪಕ್ಕದ ಒಂದು ರೆಂಬೆಯಿಂದ ಬೆರಳುದ್ದ ತೆಗೆದರೆ ಮನೆಮದ್ದಿಗೆ ಬೇಕಾದಷ್ಟಾಯಿತು.

ಈಗ ಮೂರನೆಯ ಸೋದರನ ಮಾತಿಗೆ ಬರುತ್ತೇವೆ. ಇದನ್ನು ಬರೆಯಲು ಮುಖ್ಯ ಕಾರಣವೂ ಅದೇ. ಅದರ ಹೆಸರು ಕಾಸಮರ್ದ. ಹಿಂದಿಯಲ್ಲಿ ಕಸೌಂದಿ, ಮರಾಠಿಯಲ್ಲಿ ಕಾಸವಿಂದಾ. ಕೆಲವರು ದೊಡ್ಡ ತಗಚೆ ಎಂದೂ ಕರೆಯುತ್ತಾರೆ. ಈ ಹೆಸರೇ ಅಪಾಯಕ್ಕೆ ದಾರಿ. ಕಾಸವೆಂದರೆ ಕೆಮ್ಮು, ಕೆಮ್ಮಿನ ಮದ್ದುಗಳಲ್ಲಿ ಆಯುರ್ವೇದ ಇದನ್ನು ಬಳಸಿದೆ. ಬಲ್ಲ ವೈದ್ಯನ ಕೈಯಲ್ಲಿ ಅದು ಔಷಧವಾಗಬಹುದು, ಮಗುವಿನ ಕೈಯಲ್ಲಿ ಅಲ್ಲ. ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳಲ್ಲಿ ವರ್ಷವರ್ಷವೂ ಚಳಿಗಾಲ ಕಾಲಿಡುವ ವೇಳೆಗೆ ಆಡುತ್ತಿದ್ದ ಎಳೆಯ ಮಕ್ಕಳು ಇದ್ದಕ್ಕಿದ್ದಂತೆ ವಾಂತಿ ಮಾಡಿ, ಎಚ್ಚರ ತಪ್ಪಿ, ಎರಡು ಮೂರು ದಿನಗಳಲ್ಲಿ ಸಾಯುತ್ತಿದ್ದರು. ಮೆದುಳುಜ್ವರದ ವೈರಾಣುವೆಂದೇ ಬಹುಕಾಲ ಎಣಿಸಿದ್ದರು. ಬಿಜನೌರಿನ ಮಕ್ಕಳ ವೈದ್ಯರಾದ ವಿಪಿನ್ ವಶಿಷ್ಠ ಮತ್ತು ವೆಲ್ಲೂರಿನ ವೈರಾಣುತಜ್ಞ ಟಿ. ಜೇಕಬ್ ಜಾನ್ ಅವರು ಮನೆಮನೆಗೆ ಹೋಗಿ ವಿಚಾರಿಸಿ, ಆ ಮಕ್ಕಳು ಕಾಸಮರ್ದದ ಕಾಯಿಯ ಬೀಜ ತಿಂದಿದ್ದರೆಂಬುದನ್ನು 2007ರಲ್ಲಿ ಪ್ರಕಟಿಸಿದರು. ಯಕೃತ್ತು, ಸ್ನಾಯು, ಮೆದುಳು ಮೂರನ್ನೂ ಅದು ಏಕಕಾಲಕ್ಕೆ ಹಾಳುಮಾಡುತ್ತದೆ. ರೋಗಕ್ಕೆ ತುತ್ತಾದವರಲ್ಲಿ ಬಹುಪಾಲು ಮಕ್ಕಳು ಉಳಿಯಲಿಲ್ಲ.

ಬಿಜನೌರು ದೂರವೆಂದು ಸುಮ್ಮನಿರುವಂತಿಲ್ಲ. ನಮ್ಮ ಜಿಲ್ಲೆಯಲ್ಲಿ ಎಳ್ಳ ಅಮಾವಾಸ್ಯೆಗಿಂತ ದೊಡ್ಡ ಹಬ್ಬ ಯಾವುದಿದೆ? ಅಂದು ಇಡೀ ಊರು ಹೊಲಕ್ಕೆ ಹೋಗುತ್ತದೆ. ಭಜ್ಜಿ, ಅಂಬಲಿ, ರೊಟ್ಟಿಗಳ ಬುತ್ತಿ ಬಿಚ್ಚುವ ತನಕ ಮಕ್ಕಳು ಬದುಗಳ ಮೇಲೆ ಓಡಾಡುತ್ತಾ ಹಸಿಕಡಲೆ ಕೀಳುತ್ತಾರೆ, ತೊಗರಿಯ ಕಾಯಿ ಸುಲಿದು ಬಾಯಿಗೆ ಹಾಕಿಕೊಳ್ಳುತ್ತಾರೆ. ಅದೇ ಬದುವಿನ ಮೇಲೆ ಅದೇ ಕಾಲಕ್ಕೆ ಕಾಸಮರ್ದವೂ ಕಾಯಿ ಹೊತ್ತು ನಿಂತಿರುತ್ತದೆ. ನಗರದಲ್ಲಿ ಬೆಳೆದು ಹಬ್ಬಕ್ಕೆಂದು ಬಂದ ಮೊಮ್ಮಕ್ಕಳಿಗೆ ಹಸಿರು ಕಾಯಿಯೆಲ್ಲವೂ ತೊಗರಿಯೇ. ಕಳೆದ ಹಬ್ಬದಲ್ಲಿ ಔರಾದದ ಹತ್ತಿರದ ಒಂದು ಹೊಲದಲ್ಲಿ ನಾವು ಅತಿಥಿಗಳಾಗಿ ಕುಳಿತಿದ್ದಾಗ ನಾಲ್ಕು ವರ್ಷದ ಕೂಸೊಂದು ಅಂಗೈ ತುಂಬ ಆ ಕಾಯಿಗಳನ್ನು ಹಿಡಿದು ಅಜ್ಜಿಗೆ ಸುಲಿದುಕೊಡಲು ತಂದಿತು. ಅಜ್ಜಿ ಹಳೆಯ ತಲೆ. ಮೂಸಿ ನೋಡಿ ದೂರ ಬಿಸುಟರು, ಕೂಸಿನ ಬಾಯಿ ತೆರೆಸಿ ಬೆರಳಾಡಿಸಿ ನೋಡಿದರು, ಕೈ ತೊಳೆಸಿದರು. ಮಗುವಿನ ತಾಯಿಗೆ, ವಿದ್ಯಾವಂತೆಯೇ, ಏಕೆಂದು ತಿಳಿಯಲಿಲ್ಲ. ಅಜ್ಜಿಯರಿಲ್ಲದ ಮನೆಗಳು ಈಗ ಹೆಚ್ಚುತ್ತಿವೆ.

ಗುರುತನ್ನು ಮನೆಯವರೆಲ್ಲ ಅರಿತಿರಬೇಕು. ಕಾಸಮರ್ದದ ಕಡ್ಡಿಯಲ್ಲಿ ನಾಲ್ಕರಿಂದ ಆರು ಜೊತೆ ಎಲೆ, ತುದಿ ಚೂಪು. ತಗಚೆಗೂ ತಂಗಡಿಗೂ ಎಲೆಯ ತುದಿ ದುಂಡಗೆ ಎಂಬುದನ್ನು ಮೇಲೆ ಹೇಳಿದ್ದೇವೆ. ಎಲೆ ಉಜ್ಜಿದರೆ ದುರ್ಗಂಧ. ಕಾಯಿ ಗೇಣಿಗಿಂತ ಗಿಡ್ಡ, ಚಪ್ಪಟೆ, ತುಸು ಮೇಲಕ್ಕೆ ಬಾಗಿದ್ದು, ಅಂಚಿನಲ್ಲಿ ತಿಳಿಬಣ್ಣದ ಗೆರೆ. ತಗಚೆಯ ಕಾಯಿಯಾದರೋ ತೆಳ್ಳಗೆ, ಕುಡುಗೋಲಿನಂತೆ ಉದ್ದ. ಎಲೆ ಪೂರ್ತಿ ಬಿಚ್ಚದ ಮೊಳಕೆಯಲ್ಲಿ ಒಂದನ್ನೊಂದು ಬೇರ್ಪಡಿಸುವುದು ಕಷ್ಟವಾದ್ದರಿಂದ, ಪಲ್ಯಕ್ಕೆ ಆಯುವಾಗ ಮೂರು ಜೊತೆ ಎಲೆ ಸ್ಪಷ್ಟವಾಗಿ ಕಂಡ ಕುಡಿಯನ್ನಷ್ಟೇ ಚಿವುಟತಕ್ಕದ್ದು. ಮಗು ಇದರ ಕಾಯಿ ತಿಂದಿದೆಯೆಂಬ ಸಂಶಯ ಬಂದರೆ ವಾಂತಿಗಾಗಿ ಕಾಯದೆ, ಭಸ್ಮ ತಾಯಿತಗಳಲ್ಲಿ ಹೊತ್ತು ಕಳೆಯದೆ, ಒಂದು ಕಾಯಿಯನ್ನು ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಓಡಬೇಕು. ಈ ವಿಷಕ್ಕೆಂದೇ ಮದ್ದಿಲ್ಲ. ಬೇಗ ತಲುಪುವುದೊಂದೇ ಇರುವ ಭರವಸೆ.

ಗಿಡವನ್ನು ಕೀಳಲು ಭಾದ್ರಪದವೇ ಸರಿಯಾದ ಕಾಲ. ನೆಲ ಹಸಿಯಿರುತ್ತದೆ, ಬೇರು ಸಲೀಸಾಗಿ ಬರುತ್ತದೆ, ಕಾಯಿ ಇನ್ನೂ ಕಟ್ಟಿರುವುದಿಲ್ಲ. ಮನೆಯ ಹಿತ್ತಲು, ಶಾಲೆಯ ಅಂಗಳ, ಗುಡಿಯ ಸುತ್ತು, ಹೊಲದ ಬದು ಇಷ್ಟನ್ನು ಮೊದಲು ನೋಡಬೇಕು. ಕಾಯಿ ಬರುವ ಮುನ್ನ ಕಿತ್ತದ್ದನ್ನು ತಿಪ್ಪೆಗೆ ಹಾಕಬಹುದು. ಕಾಯಿ ಬಲಿತಿದ್ದರೆ ಒಣಗಿಸಿ ಸುಡುವುದೇ ಲೇಸು. ಇಲ್ಲವಾದರೆ ಬೀಜವು ಗೊಬ್ಬರದ ಬಂಡಿ ಹತ್ತಿ ಬರುವ ವರ್ಷ ಮತ್ತೆ ಹೊಲಕ್ಕೇ ಬರುತ್ತದೆ.